ಅತ್ತೆ ಮಗನ ಬ್ಲಡ್ ಟೆಸ್ಟು

ಹೊಳೆನರಸೀಪುರದ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ, ಮೊಬೈಲ್ ಅಂಗಡಿಯ ಮೇಲಿನ ಮಹಡಿಯಲ್ಲಿರುವ ಲ್ಯಾಬಿನಲ್ಲಿ ಧನ್ಯಾ ಆರು ವರ್ಷದಿಂದ ಜನರ ರಕ್ತ ತೆಗೆಯುತ್ತಿದ್ದಾಳೆ. ಊರಿನಲ್ಲಿ ಯಾರಿಗೆ ಸಕ್ಕರೆ ಎಷ್ಟು, ಯಾರ ಥೈರಾಯಿಡ್ ಏರಿದೆ, ಯಾವ ಹಿರಿಯರು ಕದ್ದು ಕುಡಿದು ಲಿವರ್ ಕೆಡಿಸಿಕೊಂಡಿದ್ದಾರೆ, ಎಲ್ಲ ಅವಳಿಗೆ ಗೊತ್ತು. ಒಂದನ್ನೂ ಹೊರಗೆ ಆಡಿದವಳಲ್ಲ. ಹೆತ್ತ ಅವ್ವನೇ ಪಕ್ಕದ ಮನೆಯವರ ರಿಪೋರ್ಟ್ ಏನಾಯಿತು ಎಂದು ಕೇಳಿದರೂ ಸಾರು ಬಡಿಸು ಎಂದು ಮಾತು ತಿರುಗಿಸುತ್ತಾಳೆ. ಲ್ಯಾಬಿನ ಮಾಲೀಕ ಪರಮೇಶ್ ಊರ ತುಂಬ ಹೊಗಳಿಕೊಂಡು ತಿರುಗುವುದು ಅವಳ ಈ ಗುಣವನ್ನೇ.

ಸುಳ್ಳು ಹಿಡಿಯುವುದರಲ್ಲಿಯೂ ಅವಳು ಪಳಗಿದವಳು. ಖಾಲಿ ಹೊಟ್ಟೆಯಲ್ಲಿ ಬನ್ನಿ ಎಂದರೆ ಎರಡು ಇಡ್ಲಿ, ಒಂದು ವಡೆ ಮುಗಿಸಿ ಬಂದು, ನೀರೂ ಮುಟ್ಟಿಲ್ಲ ಕಣವ್ವ ಎನ್ನುವ ಜನ ನಮ್ಮವರು. ಬೀಡಿ ಬಿಟ್ಟು ವರ್ಷವಾಯಿತು ಎನ್ನುವವನ ಜೇಬಿನಲ್ಲೇ ಬೀಡಿಕಟ್ಟು ಇಣುಕುತ್ತಿರುತ್ತದೆ. ಧನ್ಯಾ ಏನೂ ಅನ್ನುವುದಿಲ್ಲ, ಸುಮ್ಮನೆ ಒಮ್ಮೆ ಮುಖ ನೋಡುತ್ತಾಳೆ. ಅಷ್ಟಕ್ಕೇ ಅರ್ಧ ಜನ ನಿಜ ಒಪ್ಪಿಕೊಂಡುಬಿಡುತ್ತಾರೆ. ಇಷ್ಟೆಲ್ಲ ಬಲ್ಲ ಈ ಹುಡುಗಿ ಆರು ವರ್ಷದಲ್ಲಿ ತಾನೇ ಒಂದು ಸುಳ್ಳು ಹೇಳಿದಳು. ಅದು ಅಭಿಷೇಕನಿಗಾಗಿ ಹೇಳಿದ್ದು.

ಅಭಿಷೇಕ್ ಅವಳ ಸೋದರತ್ತೆ ಜಯಲಕ್ಷ್ಮಮ್ಮನ ಮಗ. ಹಳ್ಳಿಮೈಸೂರಿನಲ್ಲಿ ಡ್ರಿಪ್ ಪೈಪಿನ ಅಂಗಡಿ ಇಟ್ಟಿದ್ದಾನೆ, ನಾಲ್ಕು ಎಕರೆ ಶುಂಠಿ, ಹೊಗೆಸೊಪ್ಪು ಬೆಳೆಯುತ್ತಾನೆ. ಧನ್ಯಾ ಹುಟ್ಟಿದಾಗ ಹನ್ನೊಂದನೆಯ ದಿನವೇ ಅತ್ತೆ ಮಗುವನ್ನು ಎತ್ತಿಕೊಂಡು, ಇದು ನಮ್ಮ ಮನೆಯ ಸೊಸೆ ಎಂದು ಎಲ್ಲರೆದುರು ಹೇಳಿದ್ದರಂತೆ. ಆಮೇಲೆ ಇಪ್ಪತ್ತಾರು ವರ್ಷ ಹಬ್ಬಕ್ಕೆ, ಮದುವೆಗೆ, ತಿಥಿಗೆ ಸೇರಿದಾಗಲೆಲ್ಲ ಅದೇ ಮಾತು. ಧನ್ಯಾ ಯಾರಿಗೂ ತನ್ನ ಮನಸ್ಸು ಹೇಳಿದವಳಲ್ಲ. ಹೇಳಬೇಕಾದ ಅಗತ್ಯವೇ ಕಂಡಿರಲಿಲ್ಲ. ಯಾರೂ ಕಸಿದುಕೊಳ್ಳದ ವಸ್ತುವನ್ನು ಯಾರು ತಾನೆ ಭದ್ರ ಮಾಡುತ್ತಾರೆ?

ಹೋದ ವರ್ಷ ಅತ್ತೆಯ ಮಾತು ಬದಲಾಯಿತು. ಟಿವಿಯಲ್ಲಿ ಯಾವನೋ ಡಾಕ್ಟರು ಸಂಬಂಧದಲ್ಲಿ ಮದುವೆಯಾದರೆ ಹುಟ್ಟುವ ಮಕ್ಕಳಿಗೆ ಕಷ್ಟ ಎಂದಿದ್ದನಂತೆ. ತಮ್ಮ ಅಣ್ಣ, ಅಂದರೆ ಧನ್ಯಾಳ ಅಪ್ಪ, ರಂಗಸ್ವಾಮಿಯ ಮನೆಯ ಜಗಲಿಯಲ್ಲಿ ಕೂತು, ಎಲೆಗೆ ಸುಣ್ಣ ಹಚ್ಚುತ್ತಾ ಅತ್ತೆ ಆ ಮಾತು ತೆಗೆದರು. ತೆಗೆದದ್ದಷ್ಟೇ ಅಲ್ಲ, ಸೀದಾ ಧನ್ಯಾಳ ಕಡೆಗೇ ತಿರುಗಿದರು. "ನೀನು ಓದ್ದೋಳು ಕಣವ್ವ. ರಕ್ತದ ಇಸ್ಯ ನಿಂಗಿಂತ ಯಾರ್ಗೊತ್ತು? ಸರಿ ತಾನೆ ನಾನೇಳಿದ್ದು?"

ಧನ್ಯಾ ಏನು ಹೇಳಿಯಾಳು? ಡಿಪ್ಲೊಮಾ ಓದುವಾಗ ಹಾಸನದಲ್ಲಿ ಅದೇ ಪಾಠಕ್ಕೆ ಹತ್ತಕ್ಕೆ ಒಂಬತ್ತು ಅಂಕ ತೆಗೆದವಳು. ಸರಿ ಅತ್ತೆ ಎಂದು ತಲೆಯಾಡಿಸಿದಳು. ತನ್ನ ಓದೇ ತನ್ನ ಕುತ್ತಿಗೆಗೆ ಬಂದದ್ದನ್ನು ನೋಡುತ್ತಾ ಎದ್ದು ಹೋಗಿ, ತೊಳೆದಿಟ್ಟ ಪಾತ್ರೆಗಳನ್ನೇ ಇನ್ನೊಮ್ಮೆ ತೊಳೆದಳು.

ಮೂರು ತಿಂಗಳಲ್ಲಿ ಚನ್ನರಾಯಪಟ್ಟಣದಲ್ಲಿ ಹುಡುಗಿ ಗೊತ್ತಾಯಿತು. ಹೆಸರು ಅನುಶ್ರೀ. ಬಿ.ಫಾರ್ಮಾ ಓದಿ ಅಲ್ಲೇ ಒಂದು ಮೆಡಿಕಲ್ ಸ್ಟೋರಿನಲ್ಲಿ ಕೆಲಸಕ್ಕಿದ್ದಾಳೆ. ಅವಳ ವಾಟ್ಸ್ಯಾಪಿನ ಫೋಟೋವನ್ನು ಧನ್ಯಾ ದಿನಕ್ಕೆ ಎಷ್ಟು ಸಲ ತೆಗೆದು ನೋಡುತ್ತಿದ್ದಳೋ ಲೆಕ್ಕವಿಲ್ಲ. ಶ್ರವಣಬೆಳಗೊಳದ ಮೆಟ್ಟಿಲ ಮೇಲೆ ತೆಗೆದ ಫೋಟೋ. ಪಕ್ಕದಲ್ಲಿ ಅತ್ತೆ ನಿಂತಿದ್ದಾರೆ, ಅತ್ತೆಯ ಕೈ ಆ ಹುಡುಗಿಯ ಹೆಗಲ ಮೇಲಿದೆ. ಮಂಡಿನೋವು ಎಂದು ಇವರ ಮನೆಯ ಮೂರು ಮೆಟ್ಟಿಲು ಹತ್ತಲು ನರಳುವ ಅತ್ತೆ, ಅವಳ ಜೊತೆಗೆ ಬೆಟ್ಟ ಹತ್ತಿದ್ದಾರೆ. ಹುಡುಗಿಯ ಕೂದಲು ಗುಂಗುರು, ಮೂಗು ಸ್ವಲ್ಪ ಮೊಂಡು. ಮೊಂಡು ಮೂಗನ್ನು ದೊಡ್ಡದು ಮಾಡಿ ನೋಡಿಕೊಂಡಾಗ ಧನ್ಯಾಳಿಗೆ ಕೊಂಚ ಸಮಾಧಾನವಾಗುತ್ತಿತ್ತು. ಆದರೆ ಅತ್ತೆಯ ಮನೆಯಿಂದ ಪ್ರತಿವರ್ಷ ತಪ್ಪದೆ ತನ್ನ ಹೆಸರಿಗೆ ಬರುತ್ತಿದ್ದ ಹುಚ್ಚೆಳ್ಳು ಚಟ್ನಿಪುಡಿಯ ಡಬ್ಬಿ ಈ ಸಲ ಚನ್ನರಾಯಪಟ್ಟಣಕ್ಕೆ ಹೋಯಿತೆಂದು ತಿಳಿದ ದಿನ ಆ ಸಮಾಧಾನವೂ ಉಳಿಯಲಿಲ್ಲ. ಚಟ್ನಿಪುಡಿಗೆ ಅಳುವುದೇ ಎಂದು ತನ್ನನ್ನೇ ಬೈದುಕೊಂಡಳು, ಬೈದುಕೊಂಡೇ ಅತ್ತಳು.

ಹುಡುಗಿಯ ತಂದೆ ರವೀಂದ್ರನದು ಒಂದೇ ಷರತ್ತು. ಜಾತಕ ಕೂಡಿದರೆ ಸಾಲದು, ಹುಡುಗ ಹುಡುಗಿ ಇಬ್ಬರೂ ಪೂರ್ತಿ ಬ್ಲಡ್ ಟೆಸ್ಟ್ ಮಾಡಿಸಿ ರಿಪೋರ್ಟ್ ಬದಲಾಯಿಸಿಕೊಳ್ಳಬೇಕು. ಅವನ ಅಣ್ಣನ ಮಗಳನ್ನು ಕೊಟ್ಟ ಕಡೆ ಸಕ್ಕರೆ ಕಾಯಿಲೆ ಮುಚ್ಚಿಟ್ಟು ಮದುವೆ ಮಾಡಿದ್ದರಂತೆ. ಈಗ ನಮ್ಮ ಕಡೆ ಇದೂ ಒಂದು ಶಾಸ್ತ್ರವಾಗುತ್ತಿದೆ. ತಟ್ಟೆಯಲ್ಲಿ ಎಲೆಅಡಿಕೆಯ ಪಕ್ಕ ಹಿಮೋಗ್ಲೋಬಿನ್ ಇಡುವ ಕಾಲ. ಗುರುವಾರ ಟೆಸ್ಟು, ಮುಂದಿನ ಶುಕ್ರವಾರ ನಿಶ್ಚಿತಾರ್ಥ ಎಂದು ಗೊತ್ತಾಯಿತು.

ಆ ಗುರುವಾರಕ್ಕೆ ಐದು ದಿನ ಮುಂಚೆ, ಶನಿವಾರ ಮಧ್ಯಾಹ್ನ, ಲ್ಯಾಬ್ ಖಾಲಿಯಿರುವ ಊಟದ ಹೊತ್ತಿನಲ್ಲಿ ಅಭಿಷೇಕ್ ಬಂದ. ಹೆಲ್ಮೆಟ್ ಕೈಯಲ್ಲೇ ಇತ್ತು. ಅದೂ ಇದೂ ಮಾತಾಡಿದ, ಸೆಕೆ ಜಾಸ್ತಿ ಎಂದ. ಕೊನೆಗೆ ಸ್ಟೂಲು ಎಳೆದುಕೊಂಡು ಹತ್ತಿರ ಕೂತ.

"ಧನೂ, ಒಂದಿಸ್ಯ ಕೇಳ್ತೀನಿ, ಯಾರ್ಗೂ ಏಳ್ಬಾರ್ದು. ನಮ್ ಫ್ರೆಂಡ್ ಒಬ್ಬವ್ನೆ, ಆವಾಗಾವಾಗ ಗಾಂಜಾ ಸೇದ್ತಾನೆ. ಈ ಬ್ಲಡ್ ಟೆಸ್ಟು, ಯೂರಿನ್ ಟೆಸ್ಟು ಮಾಡ್ಸುದ್ರೆ ಅದು ಗೊತ್ತಾಗ್ಬುಡ್ತದಾ?"

ಧನ್ಯಾ ಅವನ ಮುಖ ನೋಡಿದಳು. ಇಡ್ಲಿ ತಿಂದು ಬಂದವರನ್ನು ನೋಡುವ ಹಾಗೆಯೇ ನೋಡಿದಳು. ಅವನು ಹೆಲ್ಮೆಟ್ಟಿನ ಪಟ್ಟಿ ಎಳೆಯುತ್ತಾ ಕೂತ, ಆಮೇಲೆ ಮೆಲ್ಲಗೆ ಆ ಫ್ರೆಂಡು ತಾನೇ ಎಂದ. ವರ್ಷದಿಂದ ಅಭ್ಯಾಸವಾಗಿದೆ. ಸಾಯಂಕಾಲ ಅಂಗಡಿ ಬಾಗಿಲು ಹಾಕಿದ ಮೇಲೆ ನಾಲೆಯ ಏರಿಯ ಮೇಲೆ ಮೂವರು ಕೂರುತ್ತಾರೆ. ಮೊದಲು ವಾರಕ್ಕೊಮ್ಮೆ ಇತ್ತು, ಈಗ ದಿನ ಬಿಟ್ಟು ದಿನ. ಅವ್ವನಿಗೆ ಗೊತ್ತಿಲ್ಲ, ಯಾರಿಗೂ ಗೊತ್ತಿಲ್ಲ, ನಿನಗೊಬ್ಬಳಿಗೇ ಹೇಳುತ್ತಿರುವುದು ಎಂದ.

ನಿನಗೊಬ್ಬಳಿಗೇ ಎಂಬ ಮಾತು ಧನ್ಯಾಳ ಎದೆಗೆ ಹಿತವಾಗಿ ಇಳಿಯಿತು. ಗಾಂಜಾ ಎಂದು ಕೇಳಿ ಬೆಚ್ಚಬೇಕಾದವಳು ಒಳಗೊಳಗೇ ಹಿಗ್ಗಿದಳು. ಗುಂಗುರು ಕೂದಲಿನವಳಿಗೆ ಇದು ಗೊತ್ತಿಲ್ಲ, ತನಗೆ ಗೊತ್ತು. ಹಿಂದೆಯೇ ಇನ್ನೊಂದು ಯೋಚನೆ ಬಂತು. ಇವನು ಇಷ್ಟೊಂದು ಹೆದರಿರುವುದು ಯಾರಿಗಾಗಿ? ಆ ಹುಡುಗಿ ಕೈತಪ್ಪಿ ಹೋದಾಳು ಎಂದು ತಾನೆ? ಅಂಗೈ ಬೆವರುತ್ತಿರುವುದು ಅವಳಿಗಾಗಿ. ತನಗಾಗಿ ಇವನು ಒಂದು ದಿನವೂ ಹೀಗೆ ಬೆವರಿದ್ದಿಲ್ಲ.

ನಿಜ ಏನೆಂದರೆ ರವೀಂದ್ರ ಹೇಳಿದ ಪಟ್ಟಿಯಲ್ಲಿರುವ ಯಾವ ಟೆಸ್ಟಿನಲ್ಲಿಯೂ ಗಾಂಜಾ ಕಾಣುವುದಿಲ್ಲ. ರಕ್ತಕಣ, ಸಕ್ಕರೆ, ಲಿವರ್, ಕಿಡ್ನಿ, ಮೂತ್ರದಲ್ಲಿ ಸಕ್ಕರೆ, ಕೀವು, ಇಷ್ಟೇ. ಗಾಂಜಾ ನೋಡಬೇಕಾದರೆ ಅದಕ್ಕೆಂದೇ ಬೇರೆ ಕಿಟ್ ತರಿಸಬೇಕು, ಅದನ್ನು ಈ ಲ್ಯಾಬಿನಲ್ಲಿ ಇಟ್ಟೇ ಇರಲಿಲ್ಲ. ಬರುವುದಿಲ್ಲ, ಹೋಗು, ಆದರೆ ಅದನ್ನು ಬಿಡು ಎಂದಿದ್ದರೆ ಮುಗಿಯುತ್ತಿತ್ತು.

"ಬತ್ತದೆ ಬಾವ," ಎಂದಳು ಧನ್ಯಾ. "ಯೂರಿನ್‌ನಾಗೆ ಬತ್ತದೆ. ಬಿಟ್ಟು ಒಂದು ತಿಂಗಳಾದ್ರೂ ಬತ್ತದೆ."

ಅವನ ಮುಖದ ಬಣ್ಣ ಇಳಿಯಿತು. ರಿಪೋರ್ಟ್ ಬರೆಯುವವಳು ನೀನೇ ತಾನೆ, ಅದೊಂದನ್ನು ಬಿಟ್ಟುಬಿಡು ಎಂದು ಬೇಡಿಕೊಂಡ. ಮೆಷಿನ್ನೇ ಪ್ರಿಂಟ್ ಹಾಕುತ್ತದೆ, ತನ್ನ ಕೈಯಲ್ಲಿ ಏನೂ ಇಲ್ಲ ಎಂದು ಧನ್ಯಾ ಎರಡನೆಯ ಸುಳ್ಳನ್ನೂ ಹೇಳಿದಳು. ಮೊದಲನೆಯದಕ್ಕಿಂತ ಇದು ಸಲೀಸಾಗಿ ಬಂತು. ಬೇಕಾದರೆ ಟೆಸ್ಟು, ನಿಶ್ಚಿತಾರ್ಥ ಎಲ್ಲ ಎರಡು ತಿಂಗಳು ಮುಂದಕ್ಕೆ ಹಾಕು ಎಂದು ಬುದ್ಧಿವಾದವನ್ನೂ ಹೇಳಿದಳು. ಎರಡು ತಿಂಗಳೆಂದರೆ ಆಷಾಢ ಬರುತ್ತದೆ, ಕಾರಣ ಕೇಳಿ ರವೀಂದ್ರ ಸಂಶಯಪಡುತ್ತಾನೆ, ಮಾತು ಮುರಿಯುತ್ತದೆ. ಆ ಮಾತು ಬಾಯಲ್ಲಿರುವಾಗಲೇ ಧನ್ಯಾ ಇಷ್ಟೂ ಲೆಕ್ಕ ಹಾಕಿ ಮುಗಿಸಿದ್ದಳು. ಅಭಿಷೇಕ್ ಹೆಲ್ಮೆಟ್ಟನ್ನು ಅಲ್ಲೇ ಮರೆತು ಮೆಟ್ಟಿಲಿಳಿದ, ಮತ್ತೆ ಹತ್ತಿ ಬಂದು ತೆಗೆದುಕೊಂಡು ಹೋದ.

ಆ ದಿನ ಮನೆಯಲ್ಲಿ ಎರಡು ಮುದ್ದೆ ಉಂಡಳು. ತಿಂಗಳುಗಟ್ಟಲೆ ಸೇರದಿದ್ದ ಅನ್ನ ಸೇರಿತು. ಹೊಟ್ಟೆಯ ಉರಿ ತಣ್ಣಗಾಗಿತ್ತು, ಅದನ್ನು ಅವಳು ತನ್ನಿಂದ ಮುಚ್ಚಿಡಲೂ ಇಲ್ಲ. ಭಾನುವಾರ ಫೋನಿನ ಹತ್ತಿರವೇ ಕೂತಳು. ಸೋಮವಾರವೂ ಅವನ ಫೋನಿಲ್ಲ. ಮಂಗಳವಾರ ಅತ್ತೆ ಫೋನ್ ಮಾಡಿ ಅವ್ವನ ಹತ್ತಿರ ಗೋಳಾಡಿದರು: ಮಗ ಅನ್ನ ಬಿಟ್ಟಿದ್ದಾನೆ, ಆ ಹುಡುಗಿ ಫೋನ್ ಎತ್ತುತ್ತಿಲ್ಲವಂತೆ. ಧನ್ಯಾ ಗೋಡೆಯ ಕಡೆ ತಿರುಗಿ ನಕ್ಕಳು. ನಕ್ಕದ್ದಕ್ಕೆ ಸ್ವಲ್ಪ ನಾಚಿಕೆಯೂ ಆಯಿತು, ನಿಜ. ನಾಚಿಕೆಯ ಹಿಂದೆಯೇ ಮತ್ತೆ ನಗು ಬಂತು.

ಬುಧವಾರ ಸಂಜೆ ಅತ್ತೆಯ ದನಿ ಬದಲಾಗಿತ್ತು. ನಾಳೆ ಇಬ್ಬರೂ ಟೆಸ್ಟಿಗೆ ಬರುತ್ತಾರೆ, ಬೇರೆ ಕಡೆ ಯಾಕೆ, ನಮ್ಮ ಹುಡುಗಿ ಇರುವ ಲ್ಯಾಬಿಗೇ ಬರುತ್ತಾರೆ ಎಂದರು. ಧನ್ಯಾಳ ಕೈಯಿಂದ ಲೋಟ ಜಾರಲಿಲ್ಲ, ಅಂಥದ್ದೇನೂ ಆಗಲಿಲ್ಲ. ರಾತ್ರಿ ಮಾತ್ರ ನಿದ್ದೆ ಬರಲಿಲ್ಲ.

ಗುರುವಾರ ಬೆಳಿಗ್ಗೆ ಎಂಟಕ್ಕೇ ಬಂದರು. ಅಭಿಷೇಕ್ ಸೊರಗಿದ್ದ, ಆದರೆ ಹೆದರಿದವನ ಹಾಗೆ ಕಾಣಲಿಲ್ಲ. ಅವನ ರಕ್ತ ತೆಗೆದು, ಮೂತ್ರದ ಡಬ್ಬಿ ಕೊಟ್ಟು ಕಳಿಸಿದಳು. ಕುರ್ಚಿಗೆ ಅನುಶ್ರೀ ಬಂದು ಕೂತು ತೋಳು ಚಾಚಿದಳು. ಎದುರಿಗೆ ನೋಡಿದರೆ ಮೂಗು ಮೊಂಡಲ್ಲ, ಚೆನ್ನಾಗಿಯೇ ಇತ್ತು.

ಧನ್ಯಾ ತೋಳಿಗೆ ಪಟ್ಟಿ ಬಿಗಿಯುವಾಗ ಆ ಹುಡುಗಿ ತಗ್ಗಿದ ದನಿಯಲ್ಲಿ ಮಾತು ಶುರು ಮಾಡಿದಳು. ಭಾನುವಾರ ಅಭಿಷೇಕ್ ಚನ್ನರಾಯಪಟ್ಟಣಕ್ಕೆ ಬಂದಿದ್ದ. ಬೇಕರಿಯಲ್ಲಿ ಎದುರಿಗಿಟ್ಟ ಟೀ ಕುಡಿಯದೆ ಅರ್ಧ ಗಂಟೆ ಕೂತು, ಕೊನೆಗೆ ಎಲ್ಲವನ್ನೂ ಬಾಯಿಬಿಟ್ಟು ಹೇಳಿದ. ಅವಳಿಗೆ ತಡೆಯಲಾರದ ಸಿಟ್ಟು ಬಂದು ಎರಡು ದಿನ ಮಾತು ಬಿಟ್ಟಳು. ಮೂರನೆಯ ದಿನ ಯೋಚಿಸಿದಳು, ಮದುವೆಗೆ ಮುಂಚೆಯೇ ಇಂಥದ್ದನ್ನು ಹೇಳುವ ಗಂಡಸು ಎಷ್ಟು ಜನ ಇದ್ದಾರೆ ಎಂದು. ಟೆಸ್ಟಿನಲ್ಲಿ ಬಂದರೆ ಬರಲಿ, ಅಪ್ಪನಿಗೆ ನಾನು ಹೇಳಿಕೊಳ್ಳುತ್ತೇನೆ, ನೀನು ಅದನ್ನು ಬಿಟ್ಟರೆ ಸಾಕು ಎಂದಳಂತೆ. ಭಾನುವಾರದಿಂದ ಅವನು ನಾಲೆಯ ಕಡೆ ಹೋಗಿಲ್ಲ.

ಆಮೇಲೆ ಅನುಶ್ರೀ ಧನ್ಯಾಳ ಮುಖವನ್ನೇ ನೋಡಿದಳು. "ಅಕ್ಕ, ಈ ಟೆಸ್ಟುಗಳಲ್ಲಿ ಅದು ಬರಲ್ಲ. ನಂಗೂ ಗೊತ್ತು, ನಿಮ್ಗೂ ಗೊತ್ತು. ಬತ್ತದೆ ಅಂತ ಯಾಕಂದ್ರಿ ಅಂತ ನಾನು ಕೇಳಲ್ಲ. ಅವ್ರಿಗೂ ಹೇಳಿಲ್ಲ, ಹೇಳೋದೂ ಇಲ್ಲ. ನೀವ್ ಹಂಗಂದಿದ್ದಕ್ಕೇ ಅವ್ರು ನನ್ ಹತ್ರ ಬಂದಿದ್ದು."

ಧನ್ಯಾ ರಕ್ತ ತೆಗೆದಳು, ಹತ್ತಿ ಒತ್ತಿದಳು, ಐದು ನಿಮಿಷ ಒತ್ತಿ ಹಿಡಿಯಿರಿ ಎಂದಳು. ಆ ಹುಡುಗಿ ಜಗಳ ತೆಗೆದಿದ್ದರೆ ಉತ್ತರ ಕೊಡುತ್ತಿದ್ದಳು. ಅವನ ಗುಟ್ಟು ತನ್ನೊಬ್ಬಳದು ಎಂದುಕೊಂಡಿದ್ದಳು. ಈಗ ಅವನ ಗುಟ್ಟೂ ಆ ಹುಡುಗಿಯ ಹತ್ತಿರ, ತನ್ನ ಗುಟ್ಟೂ ಆ ಹುಡುಗಿಯ ಹತ್ತಿರ. ಅದಕ್ಕಿಂತ ಉರಿದದ್ದು ಇನ್ನೊಂದು. ಬಂದರೆ ಬರಲಿ ಎಂಬ ಮಾತು ಆ ಹುಡುಗಿಗೆ ಹೊಳೆಯಿತು. ಇಪ್ಪತ್ತೇಳು ವರ್ಷ ಅವನನ್ನು ಕಂಡ ತನಗೆ ಹೊಳೆದಿರಲಿಲ್ಲ.

ನಾಲ್ಕು ಗಂಟೆಗೆ ರಿಪೋರ್ಟ್ ತೆಗೆದುಕೊಳ್ಳಲು ಇಬ್ಬರೂ ಮತ್ತೆ ಬಂದರು. ಇಬ್ಬರದೂ ಎಲ್ಲ ಸರಿಯಾಗಿತ್ತು. ಅಭಿಷೇಕ್ ಹಾಳೆಯನ್ನು ಹಿಂದೆ ಮುಂದೆ ತಿರುಗಿಸಿ ಎರಡು ಸಲ ಓದಿದ. ಅವನ ಕಣ್ಣು ತುಂಬಿ ಬಂತು.

"ನೀನೇ ತೆಗ್ದುಬುಟ್ಟೆ ತಾನೆ ಧನೂ? ಆಗಲ್ಲ ಅಂದ್ರೂ ಮಾಡ್ಬುಟ್ಟೆ. ನೀನು ನನ್ ಕೈಬಿಡಲ್ಲ ಅಂತ ನಂಗೊತ್ತಿತ್ತು ಕಣೆ."

ಹೂಂ ಅಂದಿದ್ದರೆ ಸಾಕಿತ್ತು. ಬದುಕಿರುವ ತನಕ ಅವನ ಕೃತಜ್ಞತೆ ಉಳಿಯುತ್ತಿತ್ತು. ಅನುಶ್ರೀ ಪಕ್ಕದಲ್ಲೇ ನೆಲ ನೋಡುತ್ತಾ ನಿಂತಿದ್ದಳು, ತೆಗೆದುಕೋ ಎಂದು ಬಿಟ್ಟುಕೊಟ್ಟವಳ ಹಾಗೆ. ಆ ದಾನ ಧನ್ಯಾಳಿಗೆ ಬೇಡವಾಯಿತು.

"ಆ ಟೆಸ್ಟ್ ನಮ್ಮಲ್ಲಿ ಇಲ್ವೇ ಇಲ್ಲ ಬಾವ. ಅವತ್ತು ನಾನು ಸುಳ್ಳೇಳ್ದೆ."

"ಯಾಕೆ?"

"ಒಟ್ಟೆಕಿಚ್ಚಿಗೆ. ಈ ಮದ್ವೆ ಮುರೀಲಿ ಅಂತ."

ಅಭಿಷೇಕ್ ಗಟ್ಟಿಯಾಗಿ ನಕ್ಕುಬಿಟ್ಟ. ಇವಳಿಗಂತೆ, ಹೊಟ್ಟೆಕಿಚ್ಚಂತೆ, ನನ್ನನ್ನು ದಾರಿಗೆ ತರಲು ಹೆದರಿಸಿದ್ದು ಎಂದು ಒಪ್ಪಿಕೊಳ್ಳಲು ನಾಚಿಕೆ ಇವಳಿಗೆ, ಚಿಕ್ಕಂದಿನಿಂದಲೂ ಇವಳದು ಇದೇ ತಮಾಷೆ ಎಂದು ಅನುಶ್ರೀಗೆ ಹೇಳಿದ. ಹೇಳುತ್ತಲೇ ಧನ್ಯಾಳ ತಲೆಗೆ ಪ್ರೀತಿಯಿಂದ ಒಂದು ಮೊಟಕು ಮೊಟಕಿದ.

ಅನುಶ್ರೀ ನಗಲಿಲ್ಲ. ಧನ್ಯಾಳ ಕಡೆ ಒಮ್ಮೆ ನೋಡಿ, ರಿಪೋರ್ಟುಗಳನ್ನು ಮಡಿಸಿ ಬ್ಯಾಗಿಗೆ ಹಾಕಿಕೊಂಡಳು. ನಡೀರಿ, ಬಸ್ಸಿಗೆ ಹೊತ್ತಾಯ್ತು ಎಂದು ಅವನ ತೋಳು ಹಿಡಿದು ಬೇಗ ಬೇಗ ಹೊರಗೆ ಕರೆದುಕೊಂಡು ಹೋದಳು. ಬಂದದ್ದು ಬೈಕಿನಲ್ಲಿ, ಬಸ್ಸಿನ ಮಾತೇ ಇರಲಿಲ್ಲ. ಧನ್ಯಾಳ ಕಣ್ಣಲ್ಲಿ ನೀರು ಬಂದಿತ್ತು. ಅದನ್ನು ಅವನು ನೋಡದಿರಲಿ ಎಂದೇ ಆ ಹುಡುಗಿ ಹಾಗೆ ಮಾಡಿದಳೆಂದು ಧನ್ಯಾಳಿಗೆ ತಿಳಿಯಿತು. ಇಷ್ಟು ವರ್ಷದಲ್ಲಿ ತಾನು ಬಾಯಿಬಿಟ್ಟು ಹೇಳಿದ ಒಂದೇ ಒಂದು ಮನಸ್ಸಿನ ಮಾತನ್ನು ನಂಬಿದವಳು ಅವಳೊಬ್ಬಳೇ. ಅಂಥವಳು ಅವನಿಗೆ ಸಿಕ್ಕಳಲ್ಲ ಎಂದು ಧನ್ಯಾಳಿಗೆ ಇನ್ನಷ್ಟು ಹೊಟ್ಟೆ ಉರಿಯಿತು.