ಗೋಡೆಗೊಂದು ಟ್ರಯಲ್

ಆ ಪೇಟೆಯಲ್ಲಿ ಅವನನ್ನು ಎಲ್ಲರೂ ಟ್ರಯಲ್ ಮಾಸ್ಟರ್ ಎಂದೇ ಕರೆಯುತ್ತಿದ್ದರು. ಟೈಲರ್ ಆಗಿ ಅವನ ಕೈ ಒಳ್ಳೆಯದೇ. ಬಟ್ಟೆ ಕೊಟ್ಟವರ ತಾಳ್ಮೆ ಮಾತ್ರ ಅದಕ್ಕಿಂತ ಒಳ್ಳೆಯದಿರಬೇಕಿತ್ತು. ಬಿಳಿ ದಾರದ ಕಚ್ಚಾ ಹೊಲಿಗೆ ಹಾಕಿ, ತೊಡಿಸಿ, ಕೂರಿಸಿ, ಬಗ್ಗಿಸಿ, ಕೈ ಎತ್ತಿಸಿ, ‘ಎಲ್ಲೋ ಹಿಡೀತಿದೆ’ ಎಂದು ಮತ್ತೆ ಬಿಚ್ಚುತ್ತಿದ್ದ. ಮದುವೆಗೆಂದು ಸೂಟು ಹೊಲಿಯಲು ಕೊಟ್ಟವನೊಬ್ಬ ಅದನ್ನು ತೊಟ್ಟದ್ದು ಮಗನನ್ನು ಶಾಲೆಗೆ ಸೇರಿಸುವ ದಿನ.

ಹೆಂಡತಿಯ ಪಾಡು ಇನ್ನೂ ಚೆಂದ. ಮದುವೆಯಾದ ವರ್ಷ ಅವಳಿಗೆಂದು ಕತ್ತರಿಸಿದ ಉಣ್ಣೆಯ ಕೋಟು ಇನ್ನೂ ಟ್ರಯಲ್‌ನಲ್ಲೇ ಇತ್ತು. ಅವಳು ದಪ್ಪಗಾದಳು, ಮತ್ತೆ ಸಣ್ಣಗಾದಳು. ಅವನು ಬಿಚ್ಚಿದ, ಮತ್ತೆ ದಾರ ಹಾಕಿದ. ಚಳಿ ಕಾಯುವುದಿಲ್ಲವಲ್ಲ, ಅವಳು ಬಿಳಿ ದಾರದ ಸಮೇತವೇ ತೊಟ್ಟು ಓಡಾಡುತ್ತಿದ್ದಳು. ಹೊಸ ಫ್ಯಾಶನ್ ಇರಬೇಕೆಂದು ಒಬ್ಬಿಬ್ಬರು ತಮ್ಮ ಕೋಟಿಗೂ ಹಾಗೇ ದಾರ ಹಾಕಿಸಿಕೊಂಡದ್ದುಂಟು.

ಇಂಥವನು ಮನೆ ಕೊಳ್ಳಲು ಹೊರಟ. ಬಾಡಿಗೆ ಮನೆ ಬದಲಿಸಿ ಬದಲಿಸಿ ಹೆಂಡತಿ ಸೋತಿದ್ದಳು. ಇನ್ನೊಮ್ಮೆ ಪಾತ್ರೆ ಪಡಗ ಕಟ್ಟಲು ತನ್ನಿಂದಾಗದು, ಸ್ವಂತದ್ದೊಂದು ಬಾಗಿಲು ಬೇಕು ಎಂದು ಕಡ್ಡಿ ಮುರಿದಂತೆ ಹೇಳಿದ್ದಳು.

ಮನೆ ಕೊಳ್ಳುವವರು ನೀರು, ಬೆಳಕು, ಕಾಗದಪತ್ರ ವಿಚಾರಿಸುತ್ತಾರೆ. ಇವನು ಅದನ್ನೆಲ್ಲ ಬ್ರೋಕರನ ತಲೆಗೆ ಕಟ್ಟಿ, ಮನೆಯನ್ನೇ ಟ್ರಯಲ್‌ಗೆ ಹಚ್ಚಿದ. ಮೊದಲ ಮನೆಯ ಅಡುಗೆಮನೆಯಲ್ಲಿ ಹೆಂಡತಿ, ಬ್ರೋಕರ್, ಮನೆ ಮಾರುವವ ಮೂವರನ್ನೂ ಸಾಲಾಗಿ ನಿಲ್ಲಿಸಿ ಕೈ ಎತ್ತಿಸಿದ. ಮಾರುವವನ ಮೊಣಕೈ ಕಪಾಟಿಗೆ ತಗುಲಿತು. “ಕಂಕುಳಲ್ಲಿ ಹಿಡೀತಿದೆ,” ಎಂದು ಹೊರಬಂದ. ಇನ್ನೊಂದು ಮನೆಯ ಬಚ್ಚಲಲ್ಲಿ ಬಗ್ಗಿ ಎದ್ದು, ಸೊಂಟದ ಹತ್ತಿರ ಸಡಿಲ ಎಂದ. ಅಷ್ಟರಲ್ಲಿ ಹೆಂಡತಿ ಮಂಚ ಎಲ್ಲಿ ಹಾಕುವುದೆಂದು ಯೋಚಿಸಿ ಆಗಿರುತ್ತಿತ್ತು. ಪ್ರತಿಸಲವೂ ಆ ಮಂಚವನ್ನು ಮನಸ್ಸಿನಲ್ಲೇ ಎತ್ತಿಕೊಂಡು ಹೊರಬರುತ್ತಿದ್ದಳು, ಪಾಪ.

ಕೊನೆಗೆ ಸಿಕ್ಕಿದ್ದು ಒಂದು ಜೋಡಿಮನೆಯ ಅರ್ಧ. ಇನ್ನರ್ಧದಲ್ಲಿ ಕೆಲಸದಿಂದ ನಿವೃತ್ತರಾದ ನರ್ಸಮ್ಮ. ನಡುವೆ ಒಂದೇ ಗೋಡೆ. ಬೆಳಗಿನ ಬಿಸಿಲು ನೇರ ಅಡುಗೆಮನೆಗೆ ಬೀಳುತ್ತಿತ್ತು. ಹೆಂಡತಿ ಆ ಬಿಸಿಲಲ್ಲಿ ನಿಂತವಳು ಕದಲಲಿಲ್ಲ. ಬಗ್ಗುವುದು, ಕೈ ಎತ್ತುವುದು ಎಲ್ಲ ಸಲೀಸಾಗಿ ಮುಗಿಯಿತು. ಮಾಸ್ಟರ್ ಗೋಡೆ ಬಡಿದು ನೋಡಿದ.

“ಇದರದ್ದೊಂದು ಬಾಕಿ. ಗಂಡ ಹೆಂಡತಿ ಜಗಳ ಪಕ್ಕದ ಮನೆಗೆ ಕೇಳಿಸಬಾರದು. ನಾನು ಆ ಕಡೆ ಹೋಗಿ ಕೂತ್ಕೋತೀನಿ, ನೀನಿಲ್ಲಿ ಜಗಳ ಆಡು.”

“ಯಾರ ಜೊತೆ?”

“ಬ್ರೋಕರ್ ಇದಾನಲ್ಲ. ಅವನನ್ನೇ ನಾನು ಅಂದ್ಕೊ.”

ಬ್ರೋಕರ್ ಕುರ್ಚಿಯಲ್ಲಿ ಮುದುಡಿ ಕೂತ. “ಅಕ್ಕಾ, ಸ್ವಲ್ಪ ನೋಡ್ಕೊಂಡು ಬೈಯಿರಿ,” ಎಂದ.

ಆ ಕಡೆ ನರ್ಸಮ್ಮ ಕೊಟ್ಟ ಚಹಾ ಹಿಡಿದು ಮಾಸ್ಟರ್ ಗೋಡೆಗೆ ಕಿವಿಯಿಟ್ಟ. ಮೊದಲು ಹೆಂಡತಿ ಕೆಮ್ಮಿದಳು. ಆಮೇಲೆ ಹಾಲು ಒಡೆದಿದೆ, ಚಪ್ಪಲಿ ಅಡ್ಡ ಬಿದ್ದಿದೆ ಎಂದು ಏನೇನೋ ಸುಳ್ಳು ಜಗಳ. ಒಂದಕ್ಷರ ಬಿಡದೆ ಕೇಳಿಸಿತು. ಸರಿ, ಈ ಮನೆಯೂ ಹೋಯಿತು ಎಂದು ಏಳುವಷ್ಟರಲ್ಲಿ ಅವಳ ದನಿ ಬದಲಾಯಿತು.

“ರೀ, ಈ ಕೋಟು ತೊಟ್ಟೂ ತೊಟ್ಟೂ ಸಾಕಾಗಿದೆ ನನಗೆ. ಕೈ ಎತ್ತೋಕೆ ಭಯ, ಎಲ್ಲಿ ದಾರ ಕಿತ್ತುಹೋಗುತ್ತೋ ಅಂತ. ಮನೇಲೂ ಹಾಗೇ ಇದೀನಿ. ಹೇಗೂ ಬಿಟ್ಟು ಹೋಗೋದು ಅಂತ ಯಾವ ಗೋಡೆಗೂ ಒಂದು ಮೊಳೆ ಹೊಡೀಲಿಲ್ಲ. ನಾನು ನಿಮಗೆ ಸರಿಹೊಂದಿದೀನೋ ಇಲ್ವೋ, ಅದನ್ನಾದರೂ ಹೇಳಿಬಿಡಿ. ನಂದೂ ಇನ್ನೂ ಟ್ರಯಲೇನಾ?”

ಬ್ರೋಕರ್ ಬಿಕ್ಕಿದ್ದು ಕೂಡ ಕೇಳಿಸಿತು. “ತಪ್ಪಾಯ್ತು ಕಣೇ,” ಎನ್ನುತ್ತಿದ್ದ.

ಮಾಸ್ಟರನ ಕೈಯಲ್ಲಿ ಸಾಸರಿನ ಮೇಲಿದ್ದ ಕಪ್ಪು ಗಡಗಡ ಅಂದಿತು. “ನಾಡಿ ನೋಡಲೇನಪ್ಪಾ?” ಎಂದರು ನರ್ಸಮ್ಮ.

ಅವನಿಗೆ ನಾಚಿಕೆಯಾಯಿತು. ಕೇಳಿಸಿತು ಎಂದರೆ ಮನೆ ಕೈತಪ್ಪುತ್ತದೆ. ಅವನದೇ ಲೆಕ್ಕದಲ್ಲಿ ಇದು ಗೋಡೆಯೇ ಅಲ್ಲ.

ಈ ಕಡೆ ಬಂದಾಗ ಬ್ರೋಕರ್ ಕಣ್ಣೊರೆಸಿಕೊಳ್ಳುತ್ತಿದ್ದ. ಹೆಂಡತಿ ಬಿಸಿಲಲ್ಲೇ ನಿಂತಿದ್ದಳು.

“ಕೇಳಿಸ್ತಾ?”

“ಒಂದು ಮಾತೂ ಇಲ್ಲ. ಗೋಡೆ ಕಲ್ಲಿನ ಹಾಗಿದೆ. ತಗೊಳ್ಳೋಣ.”

ಅವಳು ಅವನ ಮುಖವನ್ನೇ ನೋಡಿದಳು. ಕಪ್ಪು ಗಡಗಡ ಅಂದದ್ದು, ನರ್ಸಮ್ಮ ನಾಡಿಯ ಮಾತೆತ್ತಿದ್ದು ಅವಳಿಗೂ ಕೇಳಿಸಿತ್ತು. “ಮಂಚ ಕಿಟಕಿ ಕಡೆ ಹಾಕೋಣ,” ಎಂದಳಷ್ಟೆ.

ಸಾಮಾನು ಬಂದ ದಿನ, ಇನ್ನೊಂದು ಗಂಟು ಬಿಚ್ಚುವ ಮೊದಲೇ ಅವನು ಮಿಷಿನ್ ಇಳಿಸಿಕೊಂಡು, ಅವಳ ಮೈಮೇಲಿದ್ದ ಕೋಟು ತೆಗೆಸಿಕೊಂಡ. ತೊಡಿಸಿ ನೋಡಲಿಲ್ಲ, ಬಗ್ಗಿಸಲಿಲ್ಲ. ಒಂದೇ ಉಸಿರಿಗೆ ಹೊಲಿದು ಬಿಳಿ ದಾರವನ್ನೆಲ್ಲ ಕಿತ್ತ. ಎಡತೋಳು ಬಲತೋಳಿಗಿಂತ ತುಸು ಉದ್ದವಾಗಿತ್ತು. ಅವಳು ಅದನ್ನು ತೊಟ್ಟು, ಎರಡೂ ಕೈ ಮೇಲಕ್ಕೆತ್ತಿ ಗೋಡೆಗೆ ಮೊಳೆ ಹೊಡೆಯತೊಡಗಿದಳು.

“ಅಂತೂ ಹೊಲಿದು ಕೊಟ್ರಾ, ತಾಯಿ?” ಎಂದು ಆ ಕಡೆಯಿಂದ ನರ್ಸಮ್ಮ ಕೇಳಿದರು.

“ಕೊಟ್ರು,” ಎಂದಳು ಅವಳು, ದನಿ ಎತ್ತದೆಯೇ.

ಮಾಸ್ಟರ್ ಏನೂ ಕೇಳಿಸದವನಂತೆ ನೆಲದ ಮೇಲಿನ ಬಿಳಿ ದಾರ ಆರಿಸುತ್ತಾ ಕೂತ.