ಅಟ್ಟದ ಮನೆಯವರು

ಹೊಗೆ ಕುಡಿದ ಪುಸ್ತಕಕ್ಕೆ ಅದರದೇ ಒಂದು ವಾಸನೆ ಇರುತ್ತದೆ. ಹಳೆಯ ಪುಸ್ತಕಗಳಿಗೆಲ್ಲ ಇರುವ ಮುಗ್ಗಲು ವಾಸನೆಯಲ್ಲ ಅದು. ಸೌದೆಯ ಹೊಗೆ, ಹುಣಸೆಹಣ್ಣು, ಒಗ್ಗರಣೆಯ ಸಾಸಿವೆ ಎಲ್ಲ ಸೇರಿ ಹಾಳೆ ಹಾಳೆಗೂ ಇಳಿದುಬಿಟ್ಟ ವಾಸನೆ. ಹೋದ ಬೇಸಿಗೆಯಲ್ಲಿ ಹೊಳೆನರಸೀಪುರದ ನಮ್ಮ ಮನೆಯನ್ನು ಕೆಡವುವ ಮೊದಲು ಸಾಮಾನು ಸಾಗಿಸಲು ಹಾಸನದಿಂದ ಹೋಗಿದ್ದೆ. ಅಣ್ಣ ಒಂದು ಗೋಣಿಚೀಲವನ್ನು ಎಳೆದು ತಂದು ನನ್ನ ಕಾಲ ಬಳಿ ಹಾಕಿ, “ಅತ್ತೆ ಪುಸ್ತಕ ಕಣೆ. ಬೇಕಾದ್ರೆ ತಗೊಂಡೋಗು, ಇಲ್ಲಾಂದ್ರೆ ಹಳೇ ಪೇಪರಿನೋನಿಗೆ ಹಾಕ್ಬುಡ್ತೀನಿ” ಅಂದ. ಚೀಲದ ಬಾಯಿ ಬಿಚ್ಚಿದೆ. ಆ ವಾಸನೆ ಮುಖಕ್ಕೆ ಹೊಡೆಯಿತು. ಈಗ ಅಳು ಬರುತ್ತದೆ ಅಂದುಕೊಂಡು ಸ್ವಲ್ಪ ಹೊತ್ತು ಕಾದೆ. ಬರಲಿಲ್ಲ. ನಿಮಗೂ ಹೀಗಾಗಿರಬಹುದು. ಹಲ್ಲು ಕೀಳಿಸಲು ಹೋದಾಗ ಸೂಜಿ ಚುಚ್ಚಿದ ಮೇಲೆ ದವಡೆ ಹೇಗಿರುತ್ತದೋ ಹಾಗೆ: ಮುಟ್ಟಿದ್ದು ಗೊತ್ತಾಗುತ್ತದೆ, ನೋವು ಗೊತ್ತಾಗುವುದಿಲ್ಲ.

ಗಿರಿಜತ್ತೆ ನಮ್ಮಪ್ಪನ ಅಕ್ಕ. ಮದುವೆಯಾಗಿ ಚನ್ನರಾಯಪಟ್ಟಣಕ್ಕೆ ಹೋದವಳು ಗಂಡ ತೀರಿಕೊಂಡ ಮೇಲೆ ಒಂದು ಟ್ರಂಕು ಹಿಡಿದು ತಮ್ಮನ ಮನೆಗೆ ವಾಪಸು ಬಂದಳಂತೆ. ನಾನು ಕಣ್ಣು ಬಿಟ್ಟಾಗಿನಿಂದ ಅವಳನ್ನು ಕಂಡಿದ್ದು ಅಡುಗೆಮನೆಯಲ್ಲೇ. ಪೇಟೆಬೀದಿಗೆ ಮುಖಮಾಡಿ ನಮ್ಮ ದಿನಸಿ ಅಂಗಡಿ, ಅಂಗಡಿಯ ಬೆನ್ನಿಗೆ ಮನೆ, ಮನೆಯ ಕಟ್ಟಕಡೆಗೆ ಅಡುಗೆಮನೆ, ಅದರ ಮೇಲೊಂದು ಮರದ ಅಟ್ಟ. ಹುಣಸೆಹಣ್ಣಿನ ಮಡಕೆ, ಹಬ್ಬಕ್ಕೆ ಮಾತ್ರ ಕೆಳಗಿಳಿಯುವ ಹಿತ್ತಾಳೆ ಕೊಳಗ, ಅಣ್ಣನೂ ನಾನೂ ಮಲಗಿ ಮುರಿದ ತೊಟ್ಟಿಲು, ಇವುಗಳ ನಡುವೆ ಒಂದು ಚಾಪೆಯಗಲ ಜಾಗ ಮಾಡಿಕೊಂಡು ಅತ್ತೆ ಓದುತ್ತಿದ್ದಳು. ಹೆಂಚಿನ ಮಧ್ಯೆ ಕೂರಿಸಿದ್ದ ಗಾಜಿನಿಂದ ಬಿಸಿಲು ನೇರ ಪುಟದ ಮೇಲೆ ಬೀಳುತ್ತಿತ್ತು. ಮಧ್ಯಾಹ್ನದ ಪಾತ್ರೆ ತೊಳೆದು, ಒಲೆ ಸಾರಿಸಿ, ಸೆರಗಿಗೆ ಕೈ ಒರೆಸಿಕೊಂಡು ಏಣಿ ಹತ್ತುವಾಗ ಅವಳ ಮುಖ ನೋಡಬೇಕಿತ್ತು, ಮದುವೆಮನೆಗೆ ಹೊರಟವಳ ಕಳೆ. ಎರಡು ಪುಟ ಆಗುವಷ್ಟರಲ್ಲಿ ಕೆಳಗಿನಿಂದ ಕರೆ ಶುರುವಾಗುತ್ತಿತ್ತು. “ಅತ್ತಿಗೇ, ಹಾಲಿನೋನು ಬಂದ” ಅಂತ ಅಮ್ಮ. “ಅಕ್ಕಾ, ಅಂಗಡಿಗೆ ಎರಡು ಕಾಫಿ” ಅಂತ ಅಪ್ಪ. ಹಸಿವು ಅಂತ ನಾವು. ಅವಳು ಪುಟದ ಮೂಲೆ ಮಡಿಸುತ್ತಿರಲಿಲ್ಲ. ಪೊರಕೆಯ ಒಂದು ಕಡ್ಡಿ ಮುರಿದು ಪುಟದ ನಡುವೆ ಇಟ್ಟು ಇಳಿದು ಬರುತ್ತಿದ್ದಳು.

ನಮ್ಮ ವಂಶಕ್ಕೆ ಅಟ್ಟದ ಮನೆಯವರು ಅಂತ ಹೆಸರು. ಅದು ಅಡುಗೆಮನೆಯ ಮೇಲಿನ ಈ ಅಟ್ಟದಿಂದ ಬಂದದ್ದಲ್ಲ. ತಾತ ಬದುಕಿದ್ದಾಗ ಕೂತಲ್ಲಿ ನಿಂತಲ್ಲಿ ಹೇಳುತ್ತಿದ್ದರು: ನಮ್ಮ ಮೂಲದ ಮನೆ ಬೇರೆ ಎಲ್ಲೋ ಇದೆ, ಆ ಊರಿಗೆಲ್ಲ ಅಟ್ಟ ಇದ್ದದ್ದು ಅದೊಂದೇ ಮನೆಗೆ, ಜನ ಅದನ್ನು ನೋಡಲಿಕ್ಕೇ ಬರುತ್ತಿದ್ದರು. ಊರು ಯಾವುದು ಅಂದರೆ ತಾತನಿಗೆ ಗೊತ್ತಿಲ್ಲ. ಅವರ ಅಪ್ಪ ಸಣ್ಣವರಿದ್ದಾಗಲೇ ಊರು ಬಿಟ್ಟು ವ್ಯಾಪಾರಕ್ಕೆ ಬಂದುಬಿಟ್ಟಿದ್ದರು. ಆ ಮನೆಯಲ್ಲಿ ತಾತನ ಅಜ್ಜಿ ಚೆನ್ನಬಸಮ್ಮ ಇದ್ದಳಂತೆ. ಬೆಳಗಿನಿಂದ ಸಂಜೆಯವರೆಗೆ ಓದುತ್ತಿದ್ದಳಂತೆ. ಅಪ್ಪನಿಗೆ ಈ ಕತೆ ಗಿರಾಕಿಗಳ ಮುಂದೆ ಜಂಬ ಕೊಚ್ಚಿಕೊಳ್ಳಲು ಬೇಕಾಗುತ್ತಿತ್ತು, ಅಷ್ಟೆ. ಅತ್ತೆಗೆ ಹಾಗಲ್ಲ. ಅಟ್ಟದ ಮೇಲೆ ಅವಳ ಪಕ್ಕ ನುಸುಳಿ ಕೂತಿದ್ದ ಒಂದು ಮಧ್ಯಾಹ್ನ ಅವಳು ನನ್ನ ಕಿವಿಯಲ್ಲಿ ಗುಟ್ಟು ಹೇಳುವ ಹಾಗೆ ಹೇಳಿದಳು, “ಚೆನ್ನಬಸಮ್ಮಜ್ಜಿ ಓದಕ್ಕೆ ಕೂತ್ರೆ ಯಾರೂ ಕೆಳಕ್ಕೆ ಕರೀತಿರ್ಲಿಲ್ವಂತೆ ಮಗ.” ಕೊನೆಯದನ್ನು ತಾತ ಹೇಳಿದ್ದೋ, ಇವಳೇ ಸೇರಿಸಿಕೊಂಡದ್ದೋ, ನನಗೆ ಗೊತ್ತಿಲ್ಲ. ಆ ಮನೆಯನ್ನು ಕಣ್ಣಾರೆ ನೋಡಿಬಿಡಬೇಕು ಅನ್ನುವುದೊಂದೇ ಅವಳಿಗೆ ಇದ್ದ ಆಸೆ.

ಬೇಸಿಗೆ ರಜೆ ಬಂತೆಂದರೆ ನಮ್ಮ ಸವಾರಿ ಹೊರಡುತ್ತಿತ್ತು. ರಜೆಯಲ್ಲಿ ಅಮ್ಮನ ತಂಗಿ ಬಂದು ಇರುತ್ತಿದ್ದರಿಂದ ಅಡುಗೆಗೆ ಒಬ್ಬರು ಸಿಗುತ್ತಿದ್ದರು, ಅತ್ತೆಗೆ ಬಿಡುವು ಸಿಗುತ್ತಿತ್ತು. “ಏನಕ್ಕ, ಇವತ್ತು ಯಾವ ಅರಮನೆಗೆ ದಂಡಯಾತ್ರೆ?” ಅಂತ ಅಪ್ಪ ಗಲ್ಲಾದಲ್ಲಿ ಕೂತು ರೇಗಿಸುತ್ತಿದ್ದ. ಅವಳು ನಕ್ಕು, ಚಿತ್ರಾನ್ನದ ಡಬ್ಬಿ, ನೀರಿನ ಚೊಂಬು, ಒಂದು ಪುಸ್ತಕ ಚೀಲಕ್ಕೆ ತುರುಕಿ ನನ್ನ ಕೈ ಹಿಡಿದು ಬಸ್‌ಸ್ಟ್ಯಾಂಡಿಗೆ ನಡೆದುಬಿಡುತ್ತಿದ್ದಳು. ಸುತ್ತಿನಲ್ಲಿ ಎಲ್ಲೆಲ್ಲಿ ಹಳೆಯ ತೊಟ್ಟಿಮನೆ ಇದೆ ಅಂತ ಯಾರೇ ಹೇಳಲಿ, ಅಲ್ಲಿಗೆ. ಶಾಂತಿಗ್ರಾಮದಲ್ಲಿ ಒಂದು ಪಟೇಲರ ಮನೆ. ಅದರ ಕಂಬಗಳು ನಾವಿಬ್ಬರೂ ತಬ್ಬಿದರೂ ಕೈಗೆ ಸಿಗುತ್ತಿರಲಿಲ್ಲ. ಹಳ್ಳಿಮೈಸೂರಿನಲ್ಲಿ ಒಂದು ಶ್ಯಾನುಭೋಗರ ಮನೆ. ಅಲ್ಲಿ ಬಾಗಿಲ ಮೇಲಿನ ಗಿಳಿಗಳಿಗೆ ಯಾರೋ ಎನಾಮಲ್ ಪೇಂಟು ಬಳಿದು ಕಾಗೆ ಮಾಡಿಟ್ಟಿದ್ದರು. ಎಲ್ಲೇ ಹೋದರೂ ಅತ್ತೆಯ ಕ್ರಮ ಒಂದೇ. ಹೊಸಿಲಿಗೆ ಕೈ ಮುಟ್ಟಿಸಿ ಕಣ್ಣಿಗೊತ್ತಿಕೊಳ್ಳುವುದು, ಕುಡಿಯಲು ನೀರು ಕೇಳುವುದು, ನೀರು ಬರುವಷ್ಟರಲ್ಲಿ ತಲೆ ಎತ್ತಿ ಸೂರು ನೋಡುವುದು. ಆಮೇಲೆ ನಿಧಾನವಾಗಿ, “ನಿಮ್ಮನೇಲಿ ಅಟ್ಟ ಐತಾ?” ಮನೆಯವರು ಏನೇನೋ ಅರ್ಥ ಮಾಡಿಕೊಳ್ಳುತ್ತಿದ್ದರು. ಚನ್ನರಾಯಪಟ್ಟಣದ ಒಂದು ಮನೆಯಲ್ಲಂತೂ, ಮನೆ ಅಳತೆ ನೋಡುವ ಈಕೆ ಹೆಣ್ಣು ಕೊಡಲು ಬಂದಿದ್ದಾಳೆ ಅಂದುಕೊಂಡು, ಆ ಮನೆಯಾಕೆ ಫ್ರಾಕು ಹಾಕಿದ್ದ ನನ್ನನ್ನು ಮೇಲಿಂದ ಕೆಳಗೆ ನೋಡಿ, “ಚೆಂದಾಗೈತೆ ಕೂಸು, ಆದ್ರೆ ಇನ್ನೊಂದತ್ತು ವರ್ಷ ಬುಟ್ಟು ಕರ್ಕೊಂಬನ್ನಿ” ಅಂದಿದ್ದಳು. ಬಸ್ಸು ಹತ್ತುವವರೆಗೂ ಅತ್ತೆ ನಗುತ್ತಿದ್ದಳು. ಶೆಟ್ಟಿಹಳ್ಳಿಗೂ ಒಮ್ಮೆ ಹೋದೆವು. ಹಿನ್ನೀರು ಇಳಿದು ಪಾಳು ಚರ್ಚು ಬುಡದವರೆಗೆ ಕಾಣುತ್ತಿತ್ತು. ಅಲ್ಲೂ ತಲೆ ಎತ್ತಿ ಬರೀ ಆಕಾಶ ಕಂಡು, “ಇದ್ಕೆ ಸೂರೇ ಇಲ್ಲ, ಅಟ್ಟ ಎಲ್ಲಿಂದ ಬರ್ಬೇಕು” ಅಂದಳು. ಇಷ್ಟು ಸಲ ಬರಿಗೈಲಿ ವಾಪಸಾದರೂ ಅವಳಿಗೆ ಬೇಸರವಿರಲಿಲ್ಲ. ಬರುವಾಗ ಕಿಟಕಿ ಪಕ್ಕ ಕೂತು ಪುಸ್ತಕ ಬಿಚ್ಚುತ್ತಿದ್ದಳು. ಬಸ್ಸಿನಲ್ಲಿ ಅವಳನ್ನು ಯಾರೂ ಕರೆಯುತ್ತಿರಲಿಲ್ಲವಲ್ಲ.

ಕೊನೆಗೆ ಮನೆ ಸಿಕ್ಕಿತು. ಭಿಕ್ಷಕ್ಕೆ ಬರುತ್ತಿದ್ದ ಐನೋರೊಬ್ಬರು ಅರಕಲಗೂಡಿನ ಆಚೆಗೆ ಒಂದು ಹಳ್ಳಿಯ ಗುರುತು ಹೇಳಿ, ನಿಮ್ಮ ಮನೆತನದ ಹೆಸರಿನವರು ಅಲ್ಲಿದ್ದಾರೆ ಅಂದರು. ಆ ರಾತ್ರಿ ಅತ್ತೆ ನನ್ನ ತಲೆಗೆ ಎಣ್ಣೆ ಹಚ್ಚುತ್ತಾ ಮೂರು ಸಲ ಅದೇ ಕತೆ ಹೇಳಿದಳು. ಬೆಳಿಗ್ಗೆ ಮದುವೆಗೆ ಉಡುವ ಸೀರೆ ಉಟ್ಟಳು. ಅರಕಲಗೂಡಿನಲ್ಲಿ ಬಸ್ಸು ಬದಲಾಯಿಸಿ, ಇಳಿದು, ಬಿಸಿಲಲ್ಲಿ ನಡೆದು ಹೋದೆವು. ಮನೆ ಉದ್ದಕ್ಕೆ ಇತ್ತು, ತಗ್ಗಾಗಿ ಇತ್ತು. ನಾಡಹೆಂಚಿನ ಇಳಿಜಾರು ಮಾಡು ನನ್ನ ಕೈಗೇ ಎಟಕುವ ಹಾಗಿತ್ತು. ಜಗಲಿಯ ಮೇಲೆ ಹುರುಳಿ ಕೇರುತ್ತಾ ಒಬ್ಬ ಮುದುಕಿ ಕೂತಿದ್ದಳು. ಸಂಬಂಧ ಬಿಡಿಸಿ ನೋಡಿದರೆ ತಾತನಿಗೆ ತಂಗಿಯಾಗಬೇಕಾದವಳು, ಮರಿಬಸಮ್ಮ. ನಾವು ಯಾರೆಂದು ತಿಳಿದದ್ದೇ ಮೊರ ಬಿಸಾಕಿ ಅತ್ತೆಯ ಎರಡು ಕೆನ್ನೆಯನ್ನೂ ಹಿಡಿದುಕೊಂಡಳು. ಅತ್ತೆ ನೀರು ಕೇಳಲಿಲ್ಲ. ಒಳಗೆ ಕಾಲಿಟ್ಟವಳೇ ತಲೆ ಎತ್ತಿದಳು. ಮೇಲೆ ಮಸಿ ಹಿಡಿದ ಗಳು, ಹೆಂಚು. ಬೇರೇನೂ ಇಲ್ಲ.

“ಅಟ್ಟ ಎಲ್ಲಜ್ಜಿ?” ಅಂದಳು.

“ಯಾವಟ್ಟ?”

“ನಾವು ಅಟ್ಟದ ಮನೆಯೋರಲ್ವಾ?”

ಮರಿಬಸಮ್ಮ ಬೊಚ್ಚು ಬಾಯಿ ಬಿಟ್ಟು ನಕ್ಕಳು. “ಆ ‘ದ’ ಯಾವನು ತಗಲಾಕ್ದನವ್ವ? ಅಟ್ಟಮನೆಯೋರು ಕಣವ್ವ ನಾವು, ಅಟ್ಟ ಮನೆ! ಮಠದ ದಾಸೋಹಕ್ಕೆ ಅಟ್ಟಿಕ್ತಿದ್ದ ಮನೆ ಇದು. ಬಾ ಇಲ್ಲಿ, ತೋರುಸ್ತೀನಿ.” ಕೈ ಹಿಡಿದು ಒಳಗೆ ಕರೆದುಕೊಂಡು ಹೋದಳು. ಅಷ್ಟು ದೊಡ್ಡ ಅಡುಗೆಮನೆಯನ್ನು ನಾನು ಇವತ್ತಿನವರೆಗೂ ನೋಡಿಲ್ಲ. ಗೋಡೆಯುದ್ದಕ್ಕೂ ಒಲೆಗಳ ಸಾಲು, ಒಂದೊಂದರಲ್ಲೂ ಒಬ್ಬ ಹುಡುಗ ಕೂರಬಹುದು. ಒಂದು ಬಿಟ್ಟು ಉಳಿದವೆಲ್ಲ ಆರಿ ತಣ್ಣಗಾಗಿದ್ದವು. ಅಡು ಅಂದರೆ ಬೇಯಿಸು, ಅಟ್ಟ ಅಂದರೆ ಬೇಯಿಸಿದ. ಅಡುಗೆ ಅನ್ನುವ ಮಾತೂ ಅಲ್ಲಿಂದಲೇ ಬಂದದ್ದು. ಪೇಟೆ ಸೇರಿದ ನಮ್ಮವರಿಗೆ ಆ ಮಾತು ಮರೆತುಹೋಗಿ, ಗೊತ್ತಿದ್ದದ್ದು ಸೂರಿನ ಕೆಳಗಿನ ಅಟ್ಟವೊಂದೇ ಆಗಿ, ಒಂದು ‘ದ’ ಸೇರಿಸಿ ಮಹಡಿ ಕಟ್ಟಿಕೊಂಡುಬಿಟ್ಟಿದ್ದರು.

ಅತ್ತೆ ಅಷ್ಟಕ್ಕೇ ಬಿಡಲಿಲ್ಲ. ಬಿಟ್ಟಿದ್ದರೆ ಚೆನ್ನಾಗಿತ್ತು. “ಚೆನ್ನಬಸಮ್ಮಜ್ಜಿ ಬೆಳಗಿಂದ ಸಂಜೆಗಂಟ ಓದ್ತಿದ್ಲಂತಲ್ಲಜ್ಜಿ, ಎಲ್ಲಿ ಕೂತ್ಕೋತಿದ್ಲು?” ಅಂದಳು.

“ಓದೋದಾ!” ಮುದುಕಿಗೆ ನಗು ತಡೆಯಲಾಗಲಿಲ್ಲ. “ಊದ್ತಿದ್ಲು ಕಣವ್ವ, ಊದ್ತಿದ್ಲು! ಅಸಿ ಸೌದೆ. ಬೆಳಗಿಂದ ಬೈಗ್ಗಂಟ ಒಲೆ ಊದೀ ಊದೀ ಕಣ್ಣೇ ಓಗ್ಬುಟ್ಟಿತ್ತಂತೆ ಪಾಪ, ಕಡೇಗಾಲಕ್ಕೆ.”

ನಾನು ಅತ್ತೆಯ ಮುಖ ನೋಡಿದೆ. ಅಲ್ಲಿ ಏನೂ ಇರಲಿಲ್ಲ. ದುಃಖ ಇದ್ದಿದ್ದರೆ ನನಗೆ ತಿಳಿಯುತ್ತಿತ್ತು, ಅವಳ ಮುಖ ನನಗೆ ಅಷ್ಟು ಗೊತ್ತಿತ್ತು. ಮರಿಬಸಮ್ಮ ಕಾಫಿಗಿಡಲು ಕೂತಾಗ ಅತ್ತೆ, “ನೀನೇಳಜ್ಜಿ” ಅಂದು, ಆ ಒಳ್ಳೆಯ ಸೀರೆಯಲ್ಲೇ ಒಲೆಯ ಮುಂದೆ ಕುಕ್ಕರುಗಾಲಲ್ಲಿ ಕೂತು ಊದುಕೊಳವೆ ತೆಗೆದುಕೊಂಡಳು. ಊದಿದಳು. ಒಂದೇ ಉಸಿರಿಗೆ ಬೆಂಕಿ ಹತ್ತಿತು. “ನಮ್ಮನೆ ಹೆಣ್ಮಗಳೇ ಸೈ” ಅಂತ ಮುದುಕಿ ಬೆನ್ನು ಸವರಿದಳು.

ಬರುವಾಗ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ನನಗೆ ಬಿಟ್ಟುಕೊಟ್ಟಳು. ಪುಸ್ತಕ ಚೀಲದಲ್ಲೇ ಉಳಿಯಿತು. ಮನೆ ಮುಟ್ಟಿದಾಗ ಅಪ್ಪ ಗಲ್ಲಾದಿಂದಲೇ, “ಸಿಕ್ತಾ ಅಕ್ಕ ಅರಮನೆ?” ಅಂದ. ಅತ್ತೆ ಚಪ್ಪಲಿ ಬಿಡುತ್ತಾ, “ಸಿಕ್ತು. ದೊಡ್ಡ ಅಟ್ಟ, ನಮ್ಮನೆಯಷ್ಟೇ ಐತೆ. ಅಜ್ಜಿ ಓದ್ತಿದ್ದ ಮೂಲೆನೂ ನೋಡ್ಕೊಂಡ್ ಬಂದ್ವಿ” ಅಂದಳು. ಆಮೇಲೆ ನನ್ನ ಕಡೆ ತಿರುಗಿ, “ಅಲ್ವಾ ಮಗ?” ಅಂದಳು. ಹೂಂ ಅಂದೆ. ಅಪ್ಪ ಅವತ್ತು ಅಂಗಡಿಗೆ ಬಂದವರಿಗೆಲ್ಲ ಬೆಲ್ಲ ಕೊಟ್ಟ.

ಅದಾದ ಮೇಲೆ ನಾವು ಎಲ್ಲಿಗೂ ಹೋಗಲಿಲ್ಲ. ಬೇಸಿಗೆ ಬರುತ್ತಿತ್ತು, ಚಿಕ್ಕಮ್ಮ ಬರುತ್ತಿದ್ದಳು, ಅತ್ತೆ ಹಪ್ಪಳ ಒತ್ತುತ್ತಿದ್ದಳು. ಅಟ್ಟ ಹತ್ತುವುದನ್ನೇನೂ ಬಿಡಲಿಲ್ಲ. ಆದರೆ ಕೆಳಗೆ ಯಾರಾದರೂ ಕೆಮ್ಮಿದರೂ ಸಾಕು, ಕರೆಯುವ ಮೊದಲೇ ಇಳಿದು ಬರತೊಡಗಿದಳು. ಅದನ್ನು ನನಗೆ ಸಹಿಸಲಾಗುತ್ತಿರಲಿಲ್ಲ. ಅವಳು ತೀರಿಕೊಂಡಾಗ ನಾನು ಹಾಸನದಲ್ಲಿ ಪರೀಕ್ಷೆ ಬರೆಯುತ್ತಿದ್ದೆ. ಸುದ್ದಿ ತಿಳಿದು ಬಂದು ನೋಡಿದರೆ ಹಣೆಯ ತುಂಬ ವಿಭೂತಿ ಬಳಿದು ಗೋಡೆಗೆ ಒರಗಿಸಿ ಕೂರಿಸಿದ್ದರು. ಎಲ್ಲರೂ ಅಳುತ್ತಿದ್ದರು. ನಾನು ಅವಳ ಕೈಯನ್ನೇ ನೋಡುತ್ತಿದ್ದೆ. ಬೆರಳ ಸಂದಿಯಲ್ಲಿ ಮಸಿ ಇತ್ತು. ಅವತ್ತು ದವಡೆಗೆ ಹಾಕಿದ ಸೂಜಿಯ ಮಂಪರು ಇನ್ನೂ ಇಳಿದಿಲ್ಲ ಅಂತಲೇ ಕಾಣುತ್ತದೆ.

ಅಪ್ಪ, ಅಮ್ಮ ಇಬ್ಬರೂ ಹೋದರು. ಅಂಗಡಿ ಮುಚ್ಚಿತು. ಈಗ ಆ ಜಾಗದಲ್ಲಿ ಮಳಿಗೆಗಳ ಸಾಲು ಏಳುತ್ತಿದೆ. ಅಣ್ಣ ಹಾಸನದಲ್ಲಿ ಕಟ್ಟಿಸಿದ ಮನೆಗೆ ಗೇಟಿನ ಪಕ್ಕ ಕಪ್ಪು ಕಲ್ಲಿನಲ್ಲಿ ‘ಅಟ್ಟದ ಮನೆ’ ಅಂತ ಕೆತ್ತಿಸಿದ್ದಾನೆ. ಸಾಮಾನು ಸಾಗಿಸಿದ ಆ ದಿನವೂ ಲಾರಿಗೆ ಕಾಯುತ್ತಾ ಅವನು ಕೇಳಿದ, “ಅರಕಲಗೂಡಿನ ಆ ಊರು ಯಾವ್ದೇ? ಈ ರಜೆಲಿ ಮಕ್ಕಳಿಗೆ ತೋರಿಸ್ಕೊಂಡ್ ಬರ್ತೀನಿ. ನೀನು ನೋಡಿದ್ದೀಯಲ್ಲ, ಅಟ್ಟ ಅಷ್ಟು ದೊಡ್ಡದಿತ್ತಾ?”

ಕಲ್ಲಿನಲ್ಲಿ ಕೆತ್ತಿದ ‘ದ’ ಕಣ್ಣ ಮುಂದೆ ಬಂತು. ಅತ್ತೆ ಬಾಳಿನಲ್ಲಿ ಕಟ್ಟಿಸಿದ್ದು ಆ ಒಂದು ಮನೆಯನ್ನು, ಅದೂ ಮಾತಿನಲ್ಲಿ. “ದೊಡ್ಡದಿತ್ತು. ಬಿದ್ದೋಯ್ತಂತೆ ಈಗ” ಅಂದೆ.

ಅವನು ಲಾರಿಯ ಸದ್ದು ಕೇಳಿ ಹೊರಗೆ ಹೋದ. ನಾನು ಚೀಲದಿಂದ ಕೈಗೆ ಸಿಕ್ಕ ಒಂದು ಪುಸ್ತಕ ಎಳೆದುಕೊಂಡು ಅಡುಗೆಮನೆಗೆ ಬಂದೆ. ಏಣಿ ಇನ್ನೂ ಇತ್ತು. ಹತ್ತಿದೆ. ಮಡಕೆ, ಕೊಳಗ, ತೊಟ್ಟಿಲು ಎಲ್ಲ ಹೋಗಿ ಹಲಗೆ ಬೋಳಾಗಿತ್ತು. ಒಂದು ಚಾಪೆಯಗಲ ಜಾಗದಲ್ಲಿ ಮಾತ್ರ ಮರ ತಿಕ್ಕಿ ತಿಕ್ಕಿ ನುಣ್ಣಗಾಗಿತ್ತು. ಅಲ್ಲಿ ಕೂತೆ. ಗಾಜಿನ ಬಿಸಿಲು ಬಂದು ತೊಡೆಯ ಮೇಲೆ ಬಿತ್ತು. ಪುಸ್ತಕ ಬಿಚ್ಚಿದರೆ ಪೊರಕೆಕಡ್ಡಿ ಇಟ್ಟ ಪುಟಕ್ಕೇ ತೆರೆದುಕೊಂಡಿತು. ಅಲ್ಲಿಂದ ಮುಂದಕ್ಕೆ ಓದತೊಡಗಿದೆ. ಎರಡು ಪುಟ ಆಯಿತು, ನಾಲ್ಕಾಯಿತು. ನನಗೇ ಗೊತ್ತಿಲ್ಲದೆ ಒಂದು ಕಿವಿ ಏಣಿಯ ಕಡೆಗೇ ಇತ್ತು. ಅಧ್ಯಾಯ ಮುಗಿಯುವವರೆಗೂ ಓದಿದೆ. ಕೆಳಗಿನಿಂದ ಯಾರೂ ಕರೆಯಲಿಲ್ಲ.