ಶಾರ್ಟ್‌ಸ್ಟಾಪ್ ಜಾಗ

ಪ್ರತಿ ವರ್ಷ ಯುಗಾದಿಯ ಆಸುಪಾಸಿನಲ್ಲಿ ಬೇವು ಮಾವಿನ ಜೊತೆಗೆ ನನ್ನ ಹೊಟ್ಟೆಕಿಚ್ಚೂ ಚಿಗುರುತ್ತದೆ. ಕಾರಣ ಒಂದು ಆಟ. ಕಾಲೇಜಿನಲ್ಲಿ ಒಂದೇ ತಂಡದಲ್ಲಿ ಸಾಫ್ಟ್‌ಬಾಲ್ ಆಡುತ್ತಿದ್ದ ನಾವು ಆರು ಜನ ಹೆಂಗಸರು ಈಗ ಮೊಬೈಲಿನಲ್ಲಿ ಅದರ ದೊಡ್ಡಣ್ಣನಾದ ಬೇಸ್‌ಬಾಲ್ ಫ್ಯಾಂಟಸಿ ಲೀಗ್ ನಡೆಸುತ್ತೇವೆ. ಅಮೆರಿಕದಲ್ಲಿ ಆಡುವ ನಿಜವಾದ ಆಟಗಾರರನ್ನು ಒಬ್ಬೊಬ್ಬರಾಗಿ ಹಂಚಿಕೊಂಡು ನಮ್ಮ ನಮ್ಮ ತಂಡ ಕಟ್ಟಿಕೊಳ್ಳುತ್ತೇವೆ. ಅವರು ಅಲ್ಲಿ ಆಡಿದರೆ ನಮಗೆ ಇಲ್ಲಿ ಪಾಯಿಂಟು. ಒಬ್ಬ ಆಟಗಾರ ಒಬ್ಬರ ತಂಡದಲ್ಲಿ ಮಾತ್ರ ಇರಬಹುದು, ಹಾಗಾಗಿ ಹಂಚಿಕೊಳ್ಳುವ ದಿನವೇ ಎಲ್ಲಕ್ಕಿಂತ ಮುಖ್ಯ. ಅದಕ್ಕೆ ಡ್ರಾಫ್ಟ್ ಅನ್ನುತ್ತಾರೆ. ಗೆದ್ದವಳಿಗೆ ಉಳಿದವರು ಸೇರಿ ಒಂದು ಊಟ ಹಾಕಿಸಬೇಕು, ಅಷ್ಟೆ.

ಲೀಗ್ ಶುರುವಾದಾಗಿನಿಂದ ನಾವು ಊಟ ಹಾಕಿಸುತ್ತಿರುವುದು ಅವಳೊಬ್ಬಳಿಗೇ.

ಅವಳು ಯಾರು ಎಂದು ಹೇಳಬೇಕಾದರೆ ಮೊದಲು ಶಾರ್ಟ್‌ಸ್ಟಾಪ್ ಅಂದರೆ ಏನೆಂದು ಹೇಳಬೇಕು. ಚೆಂಡು ಹೊಡೆದವರು ಓಡಿ ಮುಟ್ಟಬೇಕಾದ ನಾಲ್ಕು ಮೂಲೆಗಳಿಗೆ ಬೇಸ್ ಅನ್ನುತ್ತಾರೆ. ಎರಡನೇ ಬೇಸಿಗೂ ಮೂರನೇ ಬೇಸಿಗೂ ನಡುವೆ ನಿಲ್ಲುವವರು ಶಾರ್ಟ್‌ಸ್ಟಾಪ್. ಬ್ಯಾಟು ಬೀಸಿದವರು ಮೊದಲನೇ ಬೇಸ್ ಮುಟ್ಟುವುದರೊಳಗೆ, ನೆಲದಲ್ಲಿ ಸಿಡಿದು ಬರುವ ಚೆಂಡನ್ನು ಹೆಕ್ಕಿ ಅಷ್ಟು ದೂರಕ್ಕೆ ಎಸೆಯಬೇಕು. ಹೊಡೆದ ಚೆಂಡು ಹೆಚ್ಚಾಗಿ ಬರುವುದೂ ಆ ಕಡೆಗೇ. ತಂಡದಲ್ಲಿ ಯಾರ ಕೈ ಎಲ್ಲರಿಗಿಂತ ಚೆನ್ನಾಗಿದೆಯೋ ಅವರನ್ನು ಅಲ್ಲಿ ನಿಲ್ಲಿಸುತ್ತಾರೆ. ಒಂದು ವರ್ಷ ಅಲ್ಲಿ ನಾನು ನಿಂತಿದ್ದೆ.

ಆಮೇಲೆ ಅವಳು ಬಂದಳು. ಬನ್ನಿಮಂಟಪದ ಕಡೆಯ ಹುಡುಗಿ, ಮೊದಲನೇ ವರ್ಷದ ಬಿ.ಎ., ಕಾಲಿಗೆ ಸರಿಯಾದ ಶೂ ಕೂಡ ಇರಲಿಲ್ಲ. ಮೊದಲ ದಿನದ ಅಭ್ಯಾಸದಲ್ಲೇ ಮೂರನೇ ಬೇಸಿನ ಹಿಂದಕ್ಕೆ ಓಡಿ, ಕೈ ತಿರುಗಿಸಿ ಚೆಂಡು ಹಿಡಿದು ಎಸೆದಳು. ಮೊದಲನೇ ಬೇಸಿನಲ್ಲಿದ್ದವಳು ಗ್ಲೌಸ್ ಕಳಚಿ ಅಂಗೈ ಉಜ್ಜಿಕೊಂಡದ್ದು ನನಗೆ ಈಗಲೂ ನೆನಪಿದೆ. ನಮ್ಮ ಕೋಚ್ ಸರ್ ಹೆಚ್ಚು ಮಾತಿನವರಲ್ಲ. ನನ್ನ ಕಡೆ ತಿರುಗಿ, "ನೀನು ಎರಡನೇ ಬೇಸಿಗೆ ಹೋಗಮ್ಮ, ಈ ಮಗು ಅಲ್ಲಿ ನಿಂತ್ಕೊಳ್ಲಿ" ಎಂದರು. ನಾನು ಹೋದೆ. ಅಂದಿನಿಂದ ಅವಳು ಎಸೆದದ್ದನ್ನು ಹಿಡಿಯುವುದು ನನ್ನ ಕೆಲಸವಾಯಿತು.

ಅಂದು ಸಂಜೆ ಅವಳು ನನ್ನ ಸೈಕಲ್ ಹತ್ತಿರ ಬಂದು, "ಅಕ್ಕ, ಬೇಜಾರಾಯ್ತಾ?" ಎಂದು ಕೇಳಿದಳು. "ಹೋಗೇ, ಬೇಜಾರೇನು ಬಂತು" ಎಂದೆ. ಕೇಳದೇ ಇದ್ದಿದ್ದರೆ ಅವಳನ್ನು ನೆಮ್ಮದಿಯಾಗಿ ದ್ವೇಷಿಸಬಹುದಿತ್ತು. ಮುಂದೆ ಅವಳು ರಾಜ್ಯ ತಂಡಕ್ಕೆ ಆಡಿದಳು, ಕ್ರೀಡಾ ಕೋಟಾದಲ್ಲಿ ಸರ್ಕಾರಿ ಕೆಲಸ ಹಿಡಿದಳು. ನಾನು ಬೋಗಾದಿಯ ಬಾಡಿಗೆ ಮನೆಯಲ್ಲಿದ್ದುಕೊಂಡು ಒಂದು ಖಾಸಗಿ ಶಾಲೆಯ ಆಫೀಸಿನಲ್ಲಿ ಕೆಲಸ ಮಾಡುತ್ತೇನೆ. ಇಪ್ಪತ್ತು ವರ್ಷದ ಮೇಲಾಯಿತು, ಅವಳು ಇನ್ನೂ ಅಕ್ಕ ಅನ್ನುತ್ತಾಳೆ, ನಾನು ಇನ್ನೂ ಬೇಜಾರಿಲ್ಲ ಅನ್ನುತ್ತೇನೆ.

ಈ ವರ್ಷ ಒಂದು ತೀರ್ಮಾನ ಮಾಡಿದೆ. ಲೀಗ್ ಗೆಲ್ಲದಿದ್ದರೂ ಚಿಂತೆಯಿಲ್ಲ, ಎಲ್ಲರಿಗಿಂತ ಒಳ್ಳೆಯ ಶಾರ್ಟ್‌ಸ್ಟಾಪ್ ನನ್ನ ತಂಡದಲ್ಲಿರಬೇಕು, ಅವಳ ತಂಡದಲ್ಲಿ ಇರಬಾರದು.

ಹಬ್ಬಕ್ಕೆ ಒಂದು ತಿಂಗಳಿರುವಾಗಲೇ ಕೆಲಸ ಶುರು ಮಾಡಿದೆ. ಸೊಪ್ಪು ಬಿಡಿಸುವಾಗ, ಬಟ್ಟೆ ಮಡಿಸುವಾಗ ಎದುರಿಗೆ ಮೊಬೈಲ್ ಒರಗಿಸಿಕೊಂಡು ಒಬ್ಬೊಬ್ಬನ ವಿಡಿಯೋ ನೋಡಿದೆ. ಎಲ್ಲರೂ ಹೊಗಳುವ ಒಬ್ಬನಿದ್ದ, ಆರೂವರೆ ಅಡಿ ಆಳು. ಬ್ಯಾಟು ಬೀಸಿದರೆ ಚೆಂಡು ಜನರ ಮಧ್ಯೆ ಹೋಗಿ ಬೀಳುತ್ತಿತ್ತು. ಆದರೆ ಬಗ್ಗುವುದಕ್ಕೆ ಕೂಲಿ ಕೇಳುವವನ ಹಾಗೆ ಬಗ್ಗುತ್ತಿದ್ದ. ಇನ್ನೊಬ್ಬ ಓಟದಲ್ಲಿ ಜಿಂಕೆ. ಅವನ ಗಮನವೆಲ್ಲ ತಲೆಕೂದಲ ಮೇಲೆ. ಮತ್ತೊಬ್ಬನ ಎಸೆತ ಹತ್ತಕ್ಕೆ ಎರಡು ಸಲ ಮೊದಲನೇ ಬೇಸಿನವನ ತಲೆಯ ಮೇಲೆ ಹೋಗುತ್ತಿತ್ತು. ಯಾರನ್ನು ನೋಡಿದರೂ ನನ್ನ ಮನಸ್ಸು ಒಪ್ಪುತ್ತಿರಲಿಲ್ಲ.

"ಅಮೆರಿಕಾದವ್ರು ಆಡೋ ಆಟಕ್ಕೆ ಇಲ್ಲಿ ತೊವ್ವೆ ಸೀದೋಗ್ತಾ ಇದೆ, ನೋಡಮ್ಮ" ಎಂದರು ನನ್ನ ಗಂಡ. ಒಲೆ ಆರಿಸಿ ಬಂದು ಮತ್ತೆ ಕೂತೆ.

ಕೊನೆಗೂ ಒಬ್ಬ ಸಿಕ್ಕಿದ. ಯಾವುದೋ ಸೋಲುವ ತಂಡದ ಎಳೆಯ ಹುಡುಗ. ಬ್ಯಾಟಿಂಗ್ ಸಾಲಿನಲ್ಲಿ ಎಲ್ಲರಿಗಿಂತ ಕೊನೆಗೆ ಬರುತ್ತಿದ್ದ. ಆದರೆ ಚೆಂಡು ಎದುರಾಳಿಯ ಬ್ಯಾಟಿಗೆ ತಗಲುವ ಹೊತ್ತಿಗೆ ಅವನ ಕಾಲು ಆಗಲೇ ಹೊರಟಿರುತ್ತಿತ್ತು. ಗ್ಲೌಸ್ ನೆಲ ಬಿಟ್ಟು ಏಳುತ್ತಿರಲಿಲ್ಲ. ಹಿಡಿದ ಮೇಲೆ ಗ್ಲೌಸನ್ನು ಎದೆಗೆ ತಂದುಕೊಂಡು ಒಂದು ಸಣ್ಣ ಕುಪ್ಪಳ ಹಾಕಿ ಎಸೆಯುತ್ತಿದ್ದ. ಆ ಕುಪ್ಪಳ ನೋಡಿ ನನ್ನ ಹೊಟ್ಟೆ ತಣ್ಣಗಾಯಿತು. ಶಾರ್ಟ್‌ಸ್ಟಾಪ್ ಅಂದರೆ ಇವನು ಅಂದುಕೊಂಡೆ. ಕೂಡಲೇ ಭಯವಾಯಿತು, ಅವಳೂ ನೋಡಿಬಿಟ್ಟಿದ್ದರೆ?

ಹಾಗಾಗಿ ನಮ್ಮ ವಾಟ್ಸಾಪ್ ಗುಂಪಿನಲ್ಲಿ ದಿನಕ್ಕೊಂದು ಸಲ ಆ ಆರೂವರೆ ಅಡಿಯವನನ್ನು ಹೊಗಳತೊಡಗಿದೆ. ಅವಳು ಪ್ರತಿ ಸಲವೂ ಒಂದು ಹೆಬ್ಬೆರಳಿನ ಚಿತ್ರ ಹಾಕುತ್ತಿದ್ದಳು. ಏನಾದರೂ ವಾದ ಮಾಡಿದ್ದರೆ ಚೆನ್ನಾಗಿತ್ತು.

ಹಬ್ಬ ಮುಗಿದ ಭಾನುವಾರ ಬೆಳಿಗ್ಗೆ ವಿದ್ಯಾರಣ್ಯಪುರದಲ್ಲಿ ಡ್ರಾಫ್ಟ್. ಆ ಮನೆಯ ಗೆಳತಿ ನಮ್ಮ ತಂಡದ ಕ್ಯಾಚರ್, ಬ್ಯಾಟು ಬೀಸುವವರ ಹಿಂದೆ ಕೂತು ಚೆಂಡು ಹಿಡಿಯುತ್ತಿದ್ದವಳು, ನನ್ನ ಓರಗೆಯವಳು, ಬಾಯಿಗೆ ಬೀಗವಿಲ್ಲ. ಉಳಿದಿದ್ದ ಕಾಯಿ ಒಬ್ಬಟ್ಟನ್ನು ತಟ್ಟೆಯಲ್ಲಿಟ್ಟು, ಸ್ಟೀಲ್ ಲೋಟದಲ್ಲಿ ಚೀಟಿ ಕುಲುಕಿದಳು. ಆರಿಸುವ ಸರದಿಯಲ್ಲಿ ಮೊದಲನೆಯವಳು ಆ ಕ್ಯಾಚರೇ ಆದಳು. ನನಗೆ ಎರಡು ಬಂತು, ನನ್ನ ಜಾಗ ಹಿಡಿದವಳಿಗೆ ಮೂರು. ನನಗೆ ಕೈ ಮುಗಿಯುವಷ್ಟು ಸಂತೋಷವಾಯಿತು. ಅವಳಿಗಿಂತ ಮುಂಚೆ ನಾನು.

ಕ್ಯಾಚರ್ ಯಾವನೋ ದೊಡ್ಡ ಹೊಡೆತಗಾರನನ್ನು ಆರಿಸಿಕೊಂಡಳು. ನಾನು ಗಂಟಲು ಸರಿಮಾಡಿಕೊಂಡು ನನ್ನ ಹುಡುಗನ ಹೆಸರು ಹೇಳಿದೆ.

ಕ್ಯಾಚರ್ ಮೊಬೈಲಿನಲ್ಲಿ ಹುಡುಕಿ ನೋಡಿ ನನ್ನನ್ನೇ ನೋಡಿದಳು. "ಊರಿಗೊಂದು ದಾರಿಯಾದ್ರೆ ಎಡವಟ್ಟನಿಗೊಂದು ದಾರಿ ಅನ್ನೋ ಹಂಗಾಯ್ತಲ್ಲೇ. ಇವ್ನು ಕೊನೇ ರೌಂಡಲ್ಲೂ ಸಿಕ್ತಿದ್ದ. ಬ್ಯಾಟೇ ಬೀಸಕ್ಕೆ ಬರಲ್ಲ ಇವ್ನಿಗೆ."

"ಕೈ ನೋಡೇ ಅವನದು" ಎಂದೆ.

"ಕೈ ಇಟ್ಕೊಂಡು ಏನ್ ಮಾಡ್ತೀಯ? ನಮ್ಮ ಲೀಗಲ್ಲಿ ಫೀಲ್ಡಿಂಗಿಗೆ ಪಾಯಿಂಟ್ ಎಲ್ಲಿದೆ? ಬ್ಯಾಟಿಂಗಿಗೆ ಮಾತ್ರ ಅಲ್ವಾ?"

ನನಗೆ ಗೊತ್ತಿಲ್ಲದ್ದೇನಲ್ಲ. ಲೀಗ್ ಶುರುವಾದ ದಿನದಿಂದ ಗೊತ್ತು. ಆದರೆ ಒಂದು ತಿಂಗಳು ಕೂತು ನಾನು ಆರಿಸಿದ್ದು ಫ್ಯಾಂಟಸಿ ತಂಡಕ್ಕಲ್ಲ. ಕಾಲೇಜಿನ ಮೈದಾನದಲ್ಲಿ, ಕೋಚ್ ಸರ್ ಕಣ್ಣೆದುರಿಗೆ, ಅವಳ ಬದಲು ನಿಲ್ಲಿಸುವುದಕ್ಕೆ ಒಬ್ಬನನ್ನು ಹುಡುಕುತ್ತಿದ್ದೆ. ಅದನ್ನು ಆ ಒಬ್ಬಟ್ಟಿನ ತಟ್ಟೆಯ ಮುಂದೆ ಹೇಗೆ ಹೇಳುವುದು?

ಉಳಿದವರೆಲ್ಲ ನಕ್ಕರು, ಅವಳು ಮಾತ್ರ ನಗಲಿಲ್ಲ. "ನಾನೂ ಇವನನ್ನ ನೋಡಿಟ್ಕೊಂಡಿದ್ದೆ ಅಕ್ಕ. ಕೊನೇ ರೌಂಡಿಗೆ ತಗೊಳೋಣ ಅಂತಿದ್ದೆ" ಎಂದಳು. ಮೈಯೆಲ್ಲ ಉರಿದುಹೋಯಿತು. ನಾನು ಕಂಡದ್ದನ್ನು ಅವಳೂ ಕಂಡಿದ್ದಳು. ಜೊತೆಗೆ, ಅದನ್ನು ಎಲ್ಲಿಡಬೇಕು ಎನ್ನುವುದೂ ಅವಳಿಗೆ ಗೊತ್ತಿತ್ತು. ತನ್ನ ಸರದಿಯಲ್ಲಿ ಅವಳು ನಾನೇ ಹೊಗಳಿ ಹೊಗಳಿ ಇಟ್ಟಿದ್ದ ಆರೂವರೆ ಅಡಿಯವನನ್ನು ಎತ್ತಿಕೊಂಡಳು.

ಅಷ್ಟಕ್ಕೇ ಮುಗಿಯಲಿಲ್ಲ. ಕ್ಯಾಚರ್ ನನ್ನ ಹುಡುಗನ ವಿಡಿಯೋ ಹಾಕಿ ನೋಡುತ್ತಿದ್ದವಳು ಪಕ್ಕದಲ್ಲಿ ಕೂತಿದ್ದ ಅವಳ ತೊಡೆ ತಟ್ಟಿದಳು. "ಇಲ್ ನೋಡೇ, ಎಸೆಯೋಕ್ ಮುಂಚೆ ಹೆಂಗೆ ಕುಪ್ಪಳಿಸ್ತಾನೆ. ಥೇಟ್ ನಿನ್ನ ಥರಾನೇ ಕಣೇ."

ಎಲ್ಲರೂ ಬಗ್ಗಿ ನೋಡಿದರು. ಗ್ಲೌಸ್ ಎದೆಗೆ, ಒಂದು ಕುಪ್ಪಳ, ಎಸೆತ. ಎರಡನೇ ಬೇಸಿನಲ್ಲಿ ನಿಂತು ನಾನು ಎರಡು ವರ್ಷ ನೋಡಿದ್ದ ಅದೇ ಕುಪ್ಪಳ. ಲೋಕದಲ್ಲಿರುವ ಶಾರ್ಟ್‌ಸ್ಟಾಪ್‌ಗಳನ್ನೆಲ್ಲ ಜರಡಿ ಹಿಡಿದು ಕೊನೆಗೆ ನಾನು ಮೆಚ್ಚಿದ್ದು ಅವಳನ್ನೇ. ನೀರು ಕುಡಿಯುವ ನೆಪದಲ್ಲಿ ಎದ್ದು ಅಡಿಗೆಮನೆಗೆ ಹೋದೆ.

ಆಟದ ಋತು ಶುರುವಾದ ಮೇಲೆ ಆಗಬೇಕಾದ್ದೇ ಆಯಿತು. ಆರೂವರೆ ಅಡಿಯವನು ಹೊಡೆದ, ಅವಳು ಮೇಲಕ್ಕೆ ಹೋದಳು. ನನ್ನ ಹುಡುಗ ಬ್ಯಾಟು ಬೀಸಿ ಬೀಸಿ ವಾಪಸು ಬಂದ, ನಾನು ತಳ ಹಿಡಿದೆ. ಉಳಿದವರು ಕುಂಟುವ ಆಟಗಾರರನ್ನು ಆಗಾಗ ಬಿಟ್ಟು ಬೇರೆಯವರನ್ನು ತೆಗೆದುಕೊಳ್ಳುತ್ತಾರೆ. ನಾನು ಬಿಡಲಿಲ್ಲ. ಬೆಳಿಗ್ಗೆ ಕಾಫಿ ಕುಡಿಯುತ್ತ ಅವನ ಫೀಲ್ಡಿಂಗ್ ನೋಡುತ್ತಿದ್ದೆ, ಆಮೇಲೆ ಪಾಯಿಂಟಿನ ಪಟ್ಟಿ ನೋಡದೆ ಸ್ಕೂಲಿಗೆ ಹೊರಡುತ್ತಿದ್ದೆ.

ಮೊನ್ನೆ ಸಂಜೆ ಅವಳ ಫೋನ್ ಬಂತು.

"ಅಕ್ಕ, ತಪ್ಪು ತಿಳ್ಕೋಬೇಡಿ. ಆ ಹುಡುಗನ್ನ ನನಗೆ ಕೊಟ್ಬುಡಿ, ನನ್ನ ಶಾರ್ಟ್‌ಸ್ಟಾಪ್‌ನ ನೀವು ತಗೊಳ್ಳಿ. ಆ್ಯಪಲ್ಲಿ ಅದಲುಬದಲು ಮಾಡ್ಕೋಬಹುದು. ನಿಮಗೆ ಪಾಯಿಂಟ್ ಬರುತ್ತೆ."

"ನಿನಗೇನೇ ಸಿಗುತ್ತೆ ಅದರಲ್ಲಿ?"

"ಏನಿಲ್ಲ ಅಕ್ಕ. ಅವನಾಡೋದು ನೋಡಕ್ಕೆ ಆಸೆ. ನನ್ನ ತಂಡದಲ್ಲಿದ್ರೆ ಖುಷಿ."

ಒಳ್ಳೆಯ ಮನಸ್ಸಿನಿಂದಲೇ ಕೇಳಿದಳು, ಅದರಲ್ಲಿ ಅನುಮಾನವಿಲ್ಲ. ಒಪ್ಪಿದ್ದರೆ ನಾನು ಕೊನೆಯಿಂದ ಮೂರನೇ ಜಾಗಕ್ಕಾದರೂ ಏರುತ್ತಿದ್ದೆ. ಆದರೆ ಆ ಒಳ್ಳೆಯತನವೇ ನನ್ನನ್ನು ಸುಡುತ್ತಿತ್ತು. ಗೆಲ್ಲುವುದೂ ಅವಳೇ, ದಾನ ಮಾಡುವುದೂ ಅವಳೇ.

"ಕೊಡಲ್ಲ ಕಣೆ" ಎಂದೆ.

"ಯಾಕಕ್ಕ?"

"ಒಂದು ಸಲ ಕೊಟ್ಟಿದ್ದೀನಲ್ಲ."

ಅವಳು ತನ್ನ ಮನೆಯ ಟಿ.ವಿ. ಸದ್ದು ತಗ್ಗಿಸಿದಳು. ಆಮೇಲೆ ಅವಳು ಮೆಲ್ಲಗೆ, "ಅವತ್ತು ಸೈಕಲ್ ಹತ್ರ ಕೇಳಿದ್ನಲ್ಲ ಅಕ್ಕ, ಆಗಲೇ ಹೇಳಬಹುದಿತ್ತು" ಎಂದಳು.

"ಈಗ ಹೇಳಿದ್ನಲ್ಲ."

"ಹ್ಞೂಂ. ನೀವೇ ಇಟ್ಕೊಳ್ಳಿ" ಎಂದು ಫೋನ್ ಇಟ್ಟಳು.

ಮಾರನೆಯ ಬೆಳಿಗ್ಗೆ ನೋಡಿದರೆ ಹುಡುಗ ಮತ್ತೆ ಸೊನ್ನೆ. ಫೀಲ್ಡಿಂಗಿನಲ್ಲಿ ಮಾತ್ರ, ಮೂರನೇ ಬೇಸಿನ ಹಿಂದಕ್ಕೆ ಓಡಿ ಕೈ ತಿರುಗಿಸಿ ಹಿಡಿದು, ಕುಪ್ಪಳಿಸಿ ಎಸೆದು ಒಬ್ಬನನ್ನು ಔಟ್ ಮಾಡಿದ್ದ. ಕಾಫಿ ಆರುವ ತನಕ ಅದನ್ನೇ ಮತ್ತೆ ಮತ್ತೆ ನೋಡಿದೆ. ಅವಳೂ ತನ್ನ ಮನೆಯಲ್ಲಿ ಅದನ್ನೇ ನೋಡುತ್ತಿರುತ್ತಾಳೆ ಎಂದು ಗೊತ್ತಿತ್ತು. ನೋಡಲಿ. ನನ್ನ ತಂಡ ಕೊನೆಯ ಜಾಗದಲ್ಲಿದೆ, ಅವನು ನನ್ನ ಶಾರ್ಟ್‌ಸ್ಟಾಪ್.